ಕಾಯುವುದಕ್ಕೆ ಮೂರು ದರಪಟ್ಟಿ

ತೂಕ ಮತ್ತು ಅಳತೆ ಕಚೇರಿಯಲ್ಲಿ ಕುರ್ಚಿಗಳು ಮುರಿಯುತ್ತಿರುವುದಕ್ಕೆ ಕುರ್ಚಿಗಳು ಕಾರಣವಲ್ಲ, ಕೂರುವವರು ಕಾರಣ ಎಂದು ವಿಚಾರಣಾ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಸಮಿತಿ ತನ್ನ ಸಭೆಗಳನ್ನೆಲ್ಲ ನಿಂತುಕೊಂಡೇ ನಡೆಸಿತ್ತು.

ಕುರ್ಚಿಗಳನ್ನು ಪೂರೈಸಿದವರು ನಿರ್ದೇಶಕರ ಭಾವಮೈದುನ. ಅವರು ಸಮಿತಿಯ ಮುಂದೆ ಹಾಜರಾಗಿ, ಐವತ್ತೈದು ಕಿಲೋ ತೂಕದ ಮನುಷ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಕುರ್ಚಿ ಮಾಡಿಸಿದ್ದೇನೆ, ಕಚೇರಿಯಲ್ಲಿ ಅಂಥವರಿಲ್ಲ ಎಂದರೆ ಅದು ನೇಮಕಾತಿಯ ದೋಷವೇ ಹೊರತು ಮರಗೆಲಸದ ದೋಷವಲ್ಲ ಎಂದು ಹೇಳಿಕೆ ಕೊಟ್ಟರು. ಮಾತಿನಲ್ಲಿ ಹುರುಳಿತ್ತು. ಕುರ್ಚಿ ಬದಲಾಯಿಸಿದರೆ ಕೊಂಡವರದು ತಪ್ಪಾಗುತ್ತದೆ. ಕೂರುವವರನ್ನು ಇಳಿಸಿದರೆ ಯಾರದೂ ತಪ್ಪಾಗುವುದಿಲ್ಲ. ಹೀಗೆ ನೌಕರರ ತೂಕ ಹೊಂದಾಣಿಕೆ ಅಭಿಯಾನ ಜಾರಿಗೆ ಬಂತು. ವಾರಕ್ಕೊಂದು ಚುಚ್ಚುಮದ್ದು. ಅದನ್ನು ಪೂರೈಸುವ ಹೊಣೆಯನ್ನೂ ಭಾವಮೈದುನರೇ ಹೊತ್ತರು. ಪುಣ್ಯಕ್ಕೆ ಅವರು ಅದೇ ವಾರ ಔಷಧಿ ವ್ಯಾಪಾರ ಶುರು ಮಾಡಿದ್ದರು.

ಚುಚ್ಚುಮದ್ದಿಗೆ ಹಣ ಹೊಂದಿಸಲು ಕ್ಯಾಂಟೀನು ಮುಚ್ಚಿದರು. ಕಚೇರಿಯ ಆವರಣದಲ್ಲಿ ಅಗಿಯುವುದು ಕಂಡುಬಂದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು ಎಂಬ ಸುತ್ತೋಲೆ ಹೊರಟಿತು. ನುಂಗುವುದರ ಬಗ್ಗೆ ಸುತ್ತೋಲೆ ಏನೂ ಹೇಳಲಿಲ್ಲ. ಅದು ಮೇಲಧಿಕಾರಿಗಳ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು.

ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮೊಹರು ಹಾಕುವುದು ಈ ಕಚೇರಿಯ ಕಸುಬು. ಆದ್ದರಿಂದ ನೌಕರರನ್ನು ತೂಗುವುದಕ್ಕೆ ಹೊರಗಿನವರು ಬೇಕಾಗಲಿಲ್ಲ. ಪ್ರತಿ ಸೋಮವಾರ ಎಲ್ಲರನ್ನೂ ಮೂಟೆ ತೂಗುವ ಯಂತ್ರದ ಮೇಲೆ ಹತ್ತಿಸಿ, ಇಳಿದ ಮೇಲೆ ಅಂಗೈಗೆ ಮೊಹರು ಒತ್ತುತ್ತಿದ್ದರು. ಮುಂದಿನ ಸೋಮವಾರದವರೆಗೆ ಮೊಹರು ಅಳಿಸಿಹೋಗದಂತೆ ನೋಡಿಕೊಳ್ಳುವುದು ಅಂಗೈಯ ಮಾಲೀಕರ ಜವಾಬ್ದಾರಿ.

ಟಪಾಲು ವಿಭಾಗದ ಗುಮಾಸ್ತೆಯನ್ನು ಇಡೀ ಕಚೇರಿ ಜಡೆಯಕ್ಕ ಎಂದು ಕರೆಯುತ್ತಿತ್ತು. ಸೊಂಟ ದಾಟಿದ ಜಡೆ. ಕುಳಿತಾಗ ಅದನ್ನು ಮುಂದಕ್ಕೆ ತಂದು ಮಡಿಲಲ್ಲಿಟ್ಟುಕೊಳ್ಳುತ್ತಿದ್ದಳು, ಇಲ್ಲದಿದ್ದರೆ ಡ್ರಾಯರಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮಗಳು ಹುಟ್ಟುವ ಮುಂಚಿನಿಂದ ಅವಳು ಆ ಕೆಲಸದಲ್ಲಿದ್ದಳು, ಮತ್ತು ಅಂದಿನಿಂದಲೂ ತಾತ್ಕಾಲಿಕ ನೌಕರಳಾಗಿಯೇ ಇದ್ದಳು. ಖಾಯಂ ಆಗಲು ಇದ್ದ ವಯಸ್ಸಿನ ಮಿತಿ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಒಂದು ಹೊಸ ಷರತ್ತು ಬಂತು: ಕುರ್ಚಿಗೆ ಮೀರಿದ ತೂಕ ಇರುವವರನ್ನು ಖಾಯಂ ಮಾಡತಕ್ಕದ್ದಲ್ಲ.

ಅವಳು ತೋಳು ಕೊಟ್ಟಳು.

ಮದ್ದು ಕೆಲಸ ಮಾಡಿತು, ಅದರಲ್ಲಿ ಎರಡು ಮಾತಿಲ್ಲ. ಹಸಿವು ಎನ್ನುವುದೇ ಮರೆತುಹೋಯಿತು. ತಟ್ಟೆಯ ಮುಂದೆ ಕೂತರೆ ಎರಡು ತುತ್ತಿಗೆ ಸಾಕೆನಿಸಿ ಎದ್ದುಬಿಡುತ್ತಿದ್ದಳು. ಕುಪ್ಪಸ ಸಡಿಲವಾಯಿತು, ಬಳೆ ಮೊಣಕೈವರೆಗೆ ಓಡಾಡತೊಡಗಿತು. ಮೂರು ತಿಂಗಳಿಗೆ ಅವಳು ಕುರ್ಚಿಯ ಅಳತೆಗೆ ಬಂದಳು. ಅದಾದ ಮರುವಾರವೇ ಕೂದಲು ಉದುರಲು ಶುರುವಾಯಿತು.

ಮೊದಲು ಅದು ಗಮನಕ್ಕೆ ಬಂದದ್ದು ಅಂಟಿನಲ್ಲಿ. ಅಂಗಡಿಯವರಿಗೆ ನೋಟೀಸು ಕಳಿಸುವ ಲಕೋಟೆಗಳನ್ನು ಅವಳೇ ಅಂಟಿಸುತ್ತಿದ್ದಳು. ಪ್ರತಿ ಲಕೋಟೆಯ ಜೊತೆ ಒಂದೊಂದು ಉದ್ದ ಕೂದಲು ಹೋಗತೊಡಗಿತು. ಒಬ್ಬ ದಿನಸಿ ವ್ಯಾಪಾರಿ ಲಕೋಟೆ ಹಿಡಿದುಕೊಂಡು ಬಂದೇಬಿಟ್ಟ.

"ನೋಟೀಸು ಸರಿ ಸ್ವಾಮಿ, ತಕ್ಕಡಿ ಸರಿಮಾಡಿಸ್ತೀನಿ. ಈ ಕೂದಲನ್ನ ಏನು ಮಾಡ್ಲಿ? ಹೆಂಡತಿ ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ."

ವಿಷಯ ಗಂಭೀರವೆಂದು ಪರಿಗಣಿಸಿ ಕಚೇರಿ ತಕ್ಷಣ ಕ್ರಮ ಕೈಗೊಂಡಿತು. ಅಂದಿನಿಂದ ಪ್ರತಿ ಪತ್ರದ ಕೆಳಗೆ "ಲಗತ್ತು: ಕೂದಲು, ಒಂದು" ಎಂದು ನಮೂದಿಸುವುದು ಕಡ್ಡಾಯವಾಯಿತು. ನಮೂದಿಸಿ ಕೂದಲು ಇಲ್ಲದಿದ್ದರೆ ಅದು ಕರ್ತವ್ಯಲೋಪ.

ಮನೆಯಲ್ಲಿ ಮಗಳು ತಲೆ ಬಾಚುತ್ತಿದ್ದಳು. ಬಾಚಣಿಗೆ ತುಂಬಿದಾಗಲೆಲ್ಲ ಅಮ್ಮನಿಗೆ ಕಾಣದಂತೆ ಬಿಡಿಸಿ ಲಂಗದ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಜೇಬು ಉಬ್ಬಿದ್ದು ಅಮ್ಮನಿಗೆ ಕಾಣುತ್ತಿತ್ತು. ವೆಲ್ಡಿಂಗ್ ಕೆಲಸದ ಗಂಡ ಬಾಗಿಲಿಗೆ ಒರಗಿ ನೋಡುತ್ತಿದ್ದ.

"ಬಿಟ್ಟುಬಿಡೇ ಆ ಸೂಜಿನ. ಖಾಯಂ ಆಗದಿದ್ರೆ ಊರೇನು ಮುಳುಗಲ್ಲ."

"ನಿಮ್ಮ ಅಂಗಡಿ ಬಾಡಿಗೆ ಯಾರು ಕಟ್ತಾರೆ? ಊರು ಕಟ್ಟುತ್ತಾ?"

"ಹಾಗಾದ್ರೆ ಡಾಕ್ಟರಿಗಾದ್ರೂ ತೋರ್ಸು. ಬೋಳಾದ ಮೇಲೆ ನನ್ನ ಮೇಲೆ ಹಾರಾಡ್ಬೇಡ."

ಕಚೇರಿಗೆ ಮಂಗಳವಾರ ಮಾತ್ರ ಬರುವ ಒಬ್ಬ ಡಾಕ್ಟರಮ್ಮ ಇದ್ದರು. ಹಳೇ ತಕ್ಕಡಿಗಳನ್ನು ಗುಡ್ಡೆಹಾಕಿದ ಕೋಣೆಯಲ್ಲಿ ಅವರಿಗೊಂದು ಸ್ಟೂಲು. ಅವರು ತಲೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬೈತಲೆಯನ್ನು ಬೆರಳಿನಿಂದ ಬಿಡಿಸಿ ನೋಡಿದರು.

"ದಿನಕ್ಕೆ ಏನು ತಿಂತೀರಿ?"

"ಬೆಳಗ್ಗೆ ಟೀ. ರಾತ್ರಿ ಎರಡು ತುತ್ತು."

"ಮತ್ತೆ ಕೂದಲು ಇನ್ನೇನು ಮಾಡ್ಬೇಕು? ಮೈ ಇಷ್ಟು ಬೇಗ ಇಳಿದ್ರೆ, ಅದರ ಮೇಲೆ ಹೊಟ್ಟೆಗೂ ಏನೂ ಸಿಗದಿದ್ರೆ, ಕೂದಲು ಒಂದಷ್ಟು ದಿನ ಕೆಲಸ ನಿಲ್ಲಿಸುತ್ತೆ. ಬೇರು ಸತ್ತಿಲ್ಲ. ರಕ್ತದಲ್ಲಿ ಕಬ್ಬಿಣ ಎಷ್ಟಿದೆ ನೋಡೋಣ. ಡೋಸ್ ಇನ್ನು ಏರಿಸೋದು ಬೇಡ. ಹಸಿವಾಗದಿದ್ರೂ ಹೊತ್ತಿಗೆ ಸರಿಯಾಗಿ ತಿನ್ನಿ. ಮೊಟ್ಟೆ, ಬೇಳೆ, ಕಾಳು, ಹಾಲು. ಆಮೇಲೆ ಕಾಯಿರಿ. ಕೆಲವು ತಿಂಗಳಲ್ಲಿ ಅದರಷ್ಟಕ್ಕೇ ಬರುತ್ತೆ."

"ಎಣ್ಣೆ ಗಿಣ್ಣೆ ಏನೂ ಬೇಡ್ವಾ ಮೇಡಂ?"

"ಎಣ್ಣೆ ಹೊಟ್ಟೆಗೆ ಹೋಗಲ್ಲ ಅಲ್ವಾ?"

ಅಷ್ಟನ್ನೂ ಅವರು ಚೀಟಿಯಲ್ಲಿ ಬರೆದುಕೊಟ್ಟರು: ಊಟ ಮಾಡುವುದು, ಕಾಯುವುದು. ಜಡೆಯಕ್ಕ ಆ ಚೀಟಿಯೊಂದಿಗೆ, ಮಧ್ಯಾಹ್ನದ ಊಟಕ್ಕೆ ಅವಕಾಶ ಮಾಡಿಕೊಡಬೇಕೆಂದು ಕೇಳಿಕೊಂಡು ನಿರ್ದೇಶಕರ ಕೋಣೆಗೆ ಹೋದಳು. ನಿರ್ದೇಶಕರು ತೇಗದ ಕುರ್ಚಿಯಲ್ಲಿ ಕೂತಿದ್ದರು. ಅದು ಹಿಂದಿನ ನಿರ್ದೇಶಕರ ಕಾಲದ್ದು.

"ಕಾಯುವುದು," ಎಂದು ಓದಿದರು. "ಇದಕ್ಕೆ ಎಷ್ಟಾಗುತ್ತಮ್ಮ?"

"ಏನೂ ಆಗಲ್ಲ ಸಾರ್."

"ಒಂದು ಅಂದಾಜು?"

"ಖರ್ಚೇ ಇಲ್ಲ ಸಾರ್. ಸುಮ್ಮನೆ ಕಾಯೋದು."

ನಿರ್ದೇಶಕರು ಕನ್ನಡಕ ತೆಗೆದರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. "ಅಲ್ಲೇ ಎಡವಟ್ಟಾಗಿರೋದು ನೋಡಮ್ಮ. ಎಷ್ಟೇ ಖರ್ಚಾಗಲಿ, ಮಂಜೂರು ಮಾಡ್ತೀನಿ, ನನ್ನ ಕೈಯಲ್ಲಿದೆ. ಖರ್ಚಿಲ್ಲದ್ದನ್ನ ಮಂಜೂರು ಮಾಡೋ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ."

ಆದರೂ ಮಾನವೀಯತೆಯ ದೃಷ್ಟಿಯಿಂದ ಅವರು ಚೀಟಿಯನ್ನು ಲೆಕ್ಕಪತ್ರ ಶಾಖೆಗೆ ಕಳಿಸಿದರು. ಅಲ್ಲಿಂದ ಅದು ಷರಾದೊಂದಿಗೆ ವಾಪಸ್ಸಾಯಿತು: "ಕಾಯುವ ಕಾಮಗಾರಿಗೆ ಮೂರು ಸಂಸ್ಥೆಗಳಿಂದ ದರಪಟ್ಟಿ ತರಿಸಿ ಮರುಮಂಡಿಸುವುದು."

ಮುಂದಿನ ಮಂಗಳವಾರ ಡಾಕ್ಟರಮ್ಮ ಆ ಷರಾವನ್ನು ಎರಡು ಸಲ ಓದಿದರು. "ನಾನು ಬಿಟ್ಟಿ ಕಾಯ್ತೀನಿ ಅಂತ ಬರ್ಕೊಡ್ಲಾ?"

"ಬೇಡ ಮೇಡಂ. ಒಬ್ಬರೇ ದರ ಕೊಟ್ರೆ ಟೆಂಡರ್ ರದ್ದು ಮಾಡ್ತಾರೆ."

"ಸರಿ ಹಾಗಾದ್ರೆ. ನಿಮ್ಮ ಪಾಡಿಗೆ ನೀವು ತಿನ್ನಿ."

ಅದೇ ಅವರ ಕೊನೆಯ ಮಂಗಳವಾರ. ಕಚೇರಿಗೆ ಯಾವುದೇ ಖರ್ಚು ಬಾರದಂಥ ಸಲಹೆ ನೀಡಿದ ಆಧಾರದ ಮೇಲೆ ಅವರ ಸೇವೆಯನ್ನು ಕೈಬಿಡಲಾಯಿತು.

ಕೂದಲಿನ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಈಗ ಎಲ್ಲರದೂ ಉದುರುತ್ತಿತ್ತು. ಫ್ಯಾನು ಹಾಕಿದರೆ ಕಡತಗಳ ಮೇಲೆ ಹಾರಾಡುತ್ತಿತ್ತು, ತೊಟ್ಟಿಯ ನೀರು ಹೋಗದೆ ಕಟ್ಟಿಕೊಳ್ಳುತ್ತಿತ್ತು. ಆಗ ಭಾವಮೈದುನರು ತಾವಾಗಿಯೇ ಮುಂದೆ ಬಂದು ಪ್ರತಿಯೊಬ್ಬ ನೌಕರರಿಗೂ ಒಂದು ಕೃತಕ ಕೇಶ ಒದಗಿಸುವ ಯೋಜನೆ ಸಲ್ಲಿಸಿದರು. ಜನ ಅದನ್ನು ವಿಗ್ ಅನ್ನುತ್ತಾರೆ. ಇದಕ್ಕೆ ಮೂರು ದರಪಟ್ಟಿ ಸಲೀಸಾಗಿ ಸಿಕ್ಕಿತು. ಒಂದು ಭಾವಮೈದುನರದು, ಒಂದು ಅವರ ಹೆಂಡತಿಯದು, ಇನ್ನೊಂದು ಅವರ ಹೆಂಡತಿಯದೇ, ತವರಿನ ವಿಳಾಸದಿಂದ.

ಎಷ್ಟು ಉದುರಿದೆ ಎಂದು ತಿಳಿಯಲು ಸಮೀಕ್ಷೆಯೂ ಆಯಿತು. ಉಗ್ರಾಣ ನೋಡಿಕೊಳ್ಳುವ ಬೋಳಣ್ಣ ಇಪ್ಪತ್ತರ ವಯಸ್ಸಿನಲ್ಲೇ ಕೂದಲು ಕಳೆದುಕೊಂಡವನು. ಚುಚ್ಚುಮದ್ದು ಅವನಿಗೆ ಒಂದೂ ಆಗಿರಲಿಲ್ಲ, ಹುಟ್ಟಾ ನರಪೇತಲ. ಸಮೀಕ್ಷೆಯವರು ಅವನ ತಲೆ ನೋಡಿ, ಅಭಿಯಾನದ ಸಂಪೂರ್ಣ ಫಲಾನುಭವಿ ಎಂದು ಬರೆದುಕೊಂಡು ಕೈಕುಲುಕಿ ಹೋದರು. ಅವನಿಗೆ ಎರಡು ವಿಗ್ ಮಂಜೂರಾಯಿತು.

ಜಡೆಯಕ್ಕ ಇತ್ತ ತನ್ನ ಪಾಡಿಗೆ ತಿನ್ನತೊಡಗಿದ್ದಳು. ಮಧ್ಯಾಹ್ನ ಉಗ್ರಾಣದ ಹಿಂದೆ, ಬೋಳಣ್ಣನ ಕಾವಲಿನಲ್ಲಿ, ಬೇಯಿಸಿದ ಮೊಟ್ಟೆ ಮತ್ತು ಕಾಳು. ಮದ್ದಿನಿಂದಾಗಿ ಬಾಯಿಗೆ ಸೇರುತ್ತಿರಲಿಲ್ಲ. ಆದರೂ ಸ್ವಲ್ಪ ಸ್ವಲ್ಪವಾಗಿ, ಕೆಲಸ ಮುಗಿಸುವಂತೆ ಮುಗಿಸುತ್ತಿದ್ದಳು. ಹೆಜ್ಜೆ ಸಪ್ಪಳವಾದರೆ ಬೋಳಣ್ಣ ಕೆಮ್ಮುತ್ತಿದ್ದ. ಅವಳು ಅಗಿಯುವುದು ನಿಲ್ಲಿಸಿ ಮೊಟ್ಟೆಯನ್ನು ದವಡೆಯಲ್ಲಿಟ್ಟುಕೊಂಡು ಕೂರುತ್ತಿದ್ದಳು. ಮೊಟ್ಟೆ ಬಾಯಲ್ಲಿಟ್ಟುಕೊಳ್ಳಬಾರದೆಂದು ಯಾವ ಸುತ್ತೋಲೆಯೂ ಇರಲಿಲ್ಲ.

"ಅಕ್ಕ, ನಿಜವಾಗ್ಲೂ ಬರುತ್ತಾ?" ಎಂದು ಬೋಳಣ್ಣ ಒಮ್ಮೆ ಕೇಳಿದ.

"ನಂದು ಬರುತ್ತೆ. ನಿಂದು ಸರ್ಕಾರ ಕೊಡುತ್ತಲ್ಲ."

ಬಂತು. ಮೊದಲು ಬಾಚಣಿಗೆ ಹಗುರಾಯಿತು. ಆಮೇಲೆ ಒಂದು ಬೆಳಗ್ಗೆ ಹಣೆಯಂಚಿನಲ್ಲಿ ಚಿಕ್ಕ ಚಿಕ್ಕ ಕೂದಲು ಎದ್ದು ನಿಂತಿದ್ದವು, ಎಣ್ಣೆ ಸವರಿದರೂ ಮಲಗದೆ. ಮಗಳು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಗಂಡ ಅಂಗಡಿಗೆ ಹೊರಟವನು ಚಪ್ಪಲಿ ಬಿಟ್ಟು ಒಳಗೆ ಬಂದು ನೋಡಿ ಹೋದ. ಕಚೇರಿಯಲ್ಲೂ ಒಬ್ಬೊಬ್ಬರಾಗಿ ಬೋಳಣ್ಣನ ಉಗ್ರಾಣದ ಹಿಂದೆ ಸೇರತೊಡಗಿ, ಒಬ್ಬೊಬ್ಬರ ತಲೆಯೂ ಕಪ್ಪಗಾಗತೊಡಗಿತು. ವರ್ಷದ ಕೊನೆಗೆ ಯಾರ ಕೂದಲೂ ಉದುರುತ್ತಿರಲಿಲ್ಲ.

ಆ ಹೊತ್ತಿಗೆ ವಿಗ್ಗುಗಳು ಬಂದವು.

ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ, ಎಡಕ್ಕೆ ಬೈತಲೆ. ನಿರ್ದೇಶಕರ ತಲೆಯ ಮೇಲೆ ಅಳತೆ ತೆಗೆದಿದ್ದರಂತೆ. ಕೂದಲಿದ್ದ ತಲೆಗೆ ಅವು ಇಳಿಯಲಿಲ್ಲ. ಬುಟ್ಟಿ ಕವುಚಿದ ಹಾಗೆ ಮೇಲೇ ನಿಂತವು. ವಿಷಯ ಮತ್ತೆ ಸಮಿತಿಗೆ ಹೋಯಿತು. ಸಮಿತಿಯ ತರ್ಕ ಸರಳವಾಗಿತ್ತು. ಕೂದಲು ಉದುರುವುದು ನಿಂತಿದ್ದರೆ ಈ ಖರೀದಿ ಅನಗತ್ಯ. ಅನಗತ್ಯ ಖರೀದಿ ಈ ಕಚೇರಿಯಲ್ಲಿ ನಡೆಯುವುದಿಲ್ಲ. ಖರೀದಿ ನಡೆದಿದೆ. ಆದ್ದರಿಂದ ಕೂದಲು ಉದುರುವುದು ನಿಂತಿಲ್ಲ. ನೌಕರರ ತಲೆಯ ಮೇಲೆ ಕಾಣುತ್ತಿರುವುದು ಅನಧಿಕೃತ ಬೆಳವಣಿಗೆ. ಅದನ್ನು ಕಚೇರಿಯ ವೆಚ್ಚದಲ್ಲೇ ತೆರವುಗೊಳಿಸಿಕೊಡಲಾಗುವುದು.

ಖಾಯಮಾತಿ ಆದೇಶವನ್ನೂ ವಿಗ್ಗನ್ನೂ ಒಂದೇ ಮೇಜಿನ ಮೇಲೆ ಕೊಡುವುದೆಂದಾಯಿತು. ಮೊದಲು ವಿಗ್, ಆಮೇಲೆ ಆದೇಶ. ವಿಗ್ ಕೂರದ ತಲೆಗೆ ಆದೇಶ ಇಲ್ಲ.

ಜಡೆಯಕ್ಕ ನಿರ್ದೇಶಕರ ಮುಂದೆ ನಿಂತಳು. "ಸಾರ್, ಕೂದಲು ಬಂದಾಯ್ತು. ಕೈಯಲ್ಲಿ ಎಳೆದು ನೋಡಿ. ವಾಪಸ್ ಕಳ್ಸಿ ಸಾರ್ ಅದನ್ನ."

"ವಾಪಸ್ ಕಳ್ಸೋಕೆ ಕಾರಣ ಬರೀಬೇಕಾಗುತ್ತಮ್ಮ."

"ಬರೀರಿ. ಬೇಕಾಗಿಲ್ಲ ಅಂತ."

"ಬೇಕಾಗಿಲ್ಲ ಅಂದ್ರೆ ಯಾಕೆ ತರಿಸಿದ್ರಿ ಅಂತ ಕೇಳ್ತಾರೆ. ನಿನಗೆ ಕೂದಲು ನಾಳೆ ಬರುತ್ತೆ. ನನ್ನ ಹೆಸರು ಹೋದ್ರೆ ಬರುತ್ತಾ?" ನಿರ್ದೇಶಕರ ದನಿ ಮೃದುವಾಗಿತ್ತು. "ಇವತ್ತು ತಾರೀಕು ಮುಗಿಯುತ್ತೆ ನೋಡು. ನಾಳೆಗೆ ನಿನ್ನ ವಯಸ್ಸು ಮೀರುತ್ತೆ."

ಸಭಾಂಗಣದಲ್ಲಿ ಕ್ಷೌರಿಕ ಕೂತಿದ್ದ, ಮುಂದೆ ಉದ್ದಕ್ಕೆ ಸಾಲು. ಅವಳ ಸರದಿ ಬಂದಾಗ ಅವನು ಕತ್ತಿ ಎತ್ತಿದವನು ಹಣೆಯಂಚು ನೋಡಿ ತಡೆದ.

"ಅಕ್ಕ, ಇದು ಈಗ ತಾನೇ ಹುಟ್ಟಿರೋದು. ಒಳ್ಳೇ ಕೂದಲು."

"ಗೊತ್ತಪ್ಪ."

"ತೆಗೀಲಾ?"

ಅವಳು ಜಡೆಯನ್ನು ಮುಂದಕ್ಕೆ ತಂದು ಮಡಿಲಲ್ಲಿಟ್ಟುಕೊಂಡಳು. "ತೆಗಿ. ಐದು ಗಂಟೆಗೆ ಮೇಜು ಎತ್ತಿಬಿಡ್ತಾರೆ."

ಸಂಜೆ ನಿರ್ದೇಶಕರು ಭಾಷಣ ಮಾಡಿದರು. ತಾತ್ಕಾಲಿಕವೆಂದು ಹೇಳಲಾಗಿದ್ದ ಸಮಸ್ಯೆಯೊಂದಕ್ಕೆ ಈ ಕಚೇರಿ ಖಾಯಂ ಪರಿಹಾರ ಕಂಡುಕೊಂಡಿದೆ, ಇನ್ನು ಮುಂದೆ ಪ್ರತಿ ಸೋಮವಾರ ತೂಕದ ಜೊತೆಗೇ ಕ್ಷೌರವೂ ಇರುತ್ತದೆ ಎಂದರು. ಎಡಕ್ಕೆ ಬೈತಲೆ ತೆಗೆದ ತಲೆಗಳೆಲ್ಲ ಒಪ್ಪಿ ಅಲುಗಿದವು. ಕೆಲವು ಸ್ವಲ್ಪ ತಡವಾಗಿ ಅಲುಗಿದವು, ಒಳಗಿನ ತಲೆ ಅಲುಗಿ ಮುಗಿಸಿದ ಮೇಲೆ. ಒಂದು ಕೈ ವಿಗ್ ಹಿಡಿದುಕೊಳ್ಳಲು ಬೇಕಾಗಿದ್ದರಿಂದ ಚಪ್ಪಾಳೆಯನ್ನು ಪಕ್ಕದವರ ಕೈಗೆ ಕೈ ಸೇರಿಸಿ ತಟ್ಟಲಾಯಿತು. ಸಹಕಾರ ಮನೋಭಾವಕ್ಕೆ ಇದೇ ನಿದರ್ಶನ ಎಂದು ಭಾವಮೈದುನರು ವಂದನಾರ್ಪಣೆಯಲ್ಲಿ ಹೇಳಿದರು.

ಮನೆಯಲ್ಲಿ ಅವಳು ವಿಗ್ ತೆಗೆದು ಗೂಟಕ್ಕೆ ನೇತುಹಾಕಿ, ಆದೇಶವನ್ನು ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ಓದಿ, ಅವಳ ತಲೆ ನೋಡಿ, ಮತ್ತೆ ಆದೇಶವನ್ನೇ ಓದಿದ. ಮಗಳು ಬಾಚಣಿಗೆ ಹಿಡಿದುಕೊಂಡು ಬಂದಳು.

"ಅಮ್ಮ, ಇದು ಮತ್ತೆ ಯಾವಾಗ ಬರುತ್ತೆ?"

"ರಿಟೈರ್ ಆದ್ಮೇಲೆ ಕಣಮ್ಮ."

ಗಂಡ ಬೆರಳು ಮಡಿಚಿ ವರ್ಷ ಎಣಿಸಿದ. "ಪಿಂಚಣಿ ಜೊತೆಗೇ ಬರುತ್ತೆ ಅಂದ್ರೆ ಒಳ್ಳೇದೇ ಆಯ್ತಲ್ಲ," ಎಂದ. ಹೌದು, ಖಾಯಂ ಆಗದಿದ್ದರೆ ಎರಡೂ ಸಿಗುತ್ತಿರಲಿಲ್ಲ ಎಂದು ಅವಳೂ ಒಪ್ಪಿದಳು.