ನಾಲ್ಕನೇ ಬಿ ತರಗತಿಗೆ ನಾನು ತಂಪೆರೆದ ಕಥೆ

ಸಭೆಯಲ್ಲಿ ಮಾತಾಡಬೇಡಿ ಎಂದು ಹೆಂಡತಿ ಹೇಳಿದರೆ ಸುಮ್ಮನೆ ಕೂರುವ ಗಂಡಸರು ಲೋಕದಲ್ಲಿ ಇದ್ದಾರೆ. ಅಂಥವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಟ್ಟ ಚಹಾ ಕುಡಿದು, ಬಿಸ್ಕತ್ತು ತಿಂದು, ಎಲ್ಲರಿಗೂ ಕೈ ಮುಗಿದು ಮನೆಗೆ ಹೋಗಿ ನೆಮ್ಮದಿಯಾಗಿ ಮಲಗುತ್ತಾರೆ. ಆ ಭಾಗ್ಯ ನನ್ನ ಹಣೆಯಲ್ಲಿ ಬರೆದಿಲ್ಲ.

ವಾರಿಜಾ ಬೆಳಿಗ್ಗೆಯೇ ಎಚ್ಚರಿಸಿದ್ದಳು. ಸೆರಗಿಗೆ ಒಂದು ಪಿನ್ನು ಚುಚ್ಚಿಕೊಳ್ಳುತ್ತಾ, ಹಲ್ಲಿನ ನಡುವೆ ಇನ್ನೊಂದು ಪಿನ್ನು ಕಚ್ಚಿಕೊಂಡೇ ಹೇಳಿದಳು: “ಇವ್ರೇ, ಇವತ್ತು ಶಾಲೆಯ ಪಿಟಿಎ ಮೀಟಿಂಗಿಗೆ ಬನ್ನಿ. ಆದ್ರೆ ಬಾಯಿಯನ್ನು ಮನೆಯಲ್ಲೇ ಇಟ್ಟು ಬನ್ನಿ.”

“ಯಾಕ? ನಾ ಏನ್ ಹುಚ್ಚ ಅದೀನೇನು?”

“ಹುಚ್ಚರಾದ್ರೆ ತೊಂದರೆ ಇಲ್ಲ ಮಾರಾಯ್ರೆ, ಜನ ಕೇಳುದಿಲ್ಲ. ನೀವು ಹೇಳಿದ್ರೆ ಜನ ನಂಬ್ತಾರೆ. ಅದೇ ತೊಂದರೆ.”

ನಾನು ರಾಯಚೂರಿನವನು. ಅವಳು ಕಾಸರಗೋಡಿನವಳು. ಇಬ್ಬರದೂ ಒಂದೇ ಭಾಷೆ ಎಂದು ಹಿರಿಯರು ಮದುವೆ ಮಾಡಿದರು. ಅದು ಎರಡು ಭಾಷೆ ಎಂದು ಮದುವೆಯಾದ ಮೇಲೆ ಗೊತ್ತಾಯಿತು. (ಮಗಳು ದೀಪ್ತಿ ಎರಡನ್ನೂ ಅರ್ಥ ಮಾಡಿಕೊಂಡು ಮಲಯಾಳದಲ್ಲಿ ಉತ್ತರಿಸುತ್ತಾಳೆ.) ತಿರುವನಂತಪುರಕ್ಕೆ ನಮ್ಮನ್ನು ತಂದದ್ದು ನನ್ನ ನೌಕರಿ. ನಾನು ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿದ್ದೆ. ಇಷ್ಟು ಹೇಳಿದೊಡನೆ ಜನರ ಕಣ್ಣು ಅರಳುತ್ತಿತ್ತು. ಕೇಂದ್ರದ ಸ್ಟೋರ್ಸಿನಲ್ಲಿದ್ದೇನೆ, ಕುರ್ಚಿ, ಫಿನಾಯಿಲು, ಪೊರಕೆಗಳ ಯೋಗಕ್ಷೇಮ ನನ್ನ ಪಾಲಿಗೆ ಬಂದಿದೆ ಎಂಬ ಉಳಿದರ್ಧವನ್ನು ಯಾರೂ ಕೇಳುತ್ತಿರಲಿಲ್ಲ. ಕೇಳದೆ ಹೇಳುವುದು ನನ್ನ ಸ್ವಭಾವವಲ್ಲ.

ವಾರಿಜಾ ಟೀಚರ್ ಆಗಿದ್ದ ಶಾಲೆಯಲ್ಲೇ ದೀಪ್ತಿ ಓದುತ್ತಿದ್ದಳು, ಅದೂ ಅಮ್ಮನದೇ ತರಗತಿ, ನಾಲ್ಕನೇ ಬಿ. ಶಾಲೆಯ ಹಿತ್ತಲಿನಲ್ಲಿ ಹೊಸದಾಗಿ ಕಟ್ಟಿಸಿದ ಕೋಣೆಗಳಿಗೆ ಸಿಮೆಂಟ್ ಶೀಟಿನ ಮಾಡು. ತೊಂಬತ್ತಾರರ ಆ ಬೇಸಿಗೆಯಲ್ಲಿ ಅದರ ಕೆಳಗೆ ಕೂತ ಮಕ್ಕಳ ಮೈಯೆಲ್ಲ ಬೆವರುಸಾಲೆ. ಫ್ಯಾನು ಇತ್ತು, ಓಲ್ಟೇಜು ಇರಲಿಲ್ಲ. ರೆಕ್ಕೆಗಳು ತಿರುಗುವುದನ್ನು ನೋಡಿ ಮಕ್ಕಳು ಎಣಿಕೆ ಕಲಿಯಬಹುದಿತ್ತು. ಒಂದು ಮಧ್ಯಾಹ್ನ ಗ್ರೀಷ್ಮಾ ಎಂಬ ಹುಡುಗಿ ಗುಣಾಕಾರದ ನಡುವೆ ತಲೆ ಸುತ್ತಿ ಬಿದ್ದಳು. (ಬೇಸಿಗೆಯ ಹೆಸರಿಟ್ಟುಕೊಂಡವಳಿಗೇ ಬೇಸಿಗೆ ತಡೆಯಲಾಗಲಿಲ್ಲ ಎಂದು ನಾನು ಮನೆಯಲ್ಲಿ ಹಾಸ್ಯ ಮಾಡಿದೆ. ವಾರಿಜಾ ನಗಲಿಲ್ಲ. ಆ ಮಗುವನ್ನು ಎತ್ತಿಕೊಂಡು ಓಡಿದವಳು ಅವಳು.) ಅದಕ್ಕೇ ಈ ಮೀಟಿಂಗು.

ಹೆಡ್‌ಮಿಸ್ಟ್ರೆಸ್ ನಿರ್ಮಲ ಟೀಚರ್ ಗಂಜಿ ಹಾಕಿದ ಸೀರೆಯಲ್ಲಿ ಗರಿಗರಿಯಾಗಿ ನಿಂತು, ಟೀಚರುಗಳ ಕಡೆಯಿಂದ ಒಂದು ಸಲಹೆ ಬಂದಿದೆ ಎಂದರು. ಶೀಟಿನ ಮೇಲೆ ಹೆಣೆದ ತೆಂಗಿನ ಗರಿ ಹೊದಿಸುವುದು, ಕಿಟಕಿಗಳನ್ನು ಪೂರ್ತಿ ತೆರೆದಿಡುವುದು, ಶಾಲೆಯನ್ನು ಬೆಳಿಗ್ಗೆ ಬೇಗ ಶುರು ಮಾಡಿ ಊಟದ ಹೊತ್ತಿಗೆ ಬಿಟ್ಟುಬಿಡುವುದು. ತಂದೆತಾಯಿಯರು ತಲೆಯಾಡಿಸಿದರು. ಇನ್ನೇನು ಚಹಾ ಬರುವುದರಲ್ಲಿತ್ತು.

ಆಗ ಚಾಲೈ ಬಜಾರಿನಲ್ಲಿ ಅಂಗಡಿ ಇಟ್ಟಿದ್ದ ಇಬ್ರಾಹಿಂ ಹಿಂದಕ್ಕೆ ತಿರುಗಿ ನನ್ನನ್ನು ಕಂಡರು. “ಸಾರ್ ಏನು ಹೇಳುತ್ತಾರೆ? ಸಾರ್ ರಾಕೆಟ್ಟಿನ ಆಳಲ್ಲವೇ!”

ಸಭೆಯ ಕಣ್ಣೆಲ್ಲ ನನ್ನ ಮೇಲೆ. ಅಲ್ಲ, ನಾನು ಪೊರಕೆಯ ಆಳು ಎಂದು ಹೇಳಲು ಅದು ಸಮಯವೇ? ಎದ್ದು ನಿಂತೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ. ರಾಕೆಟ್ಟು ಆಕಾಶಕ್ಕೆ ಹಾರುವ ಯುಗದಲ್ಲಿ ಮಕ್ಕಳ ತಲೆಯ ಮೇಲೆ ತೆಂಗಿನ ಗರಿಯೇ ಎಂದೆ. ಇದು ಅವೈಜ್ಞಾನಿಕ ಎಂದೆ. ಆ ಪದ ನಾಲಿಗೆಗೆ ಬಹಳ ರುಚಿಸಿದ್ದರಿಂದ ಇನ್ನೊಂದು ಸಲ ಎಂದೆ. ಕೊನೆಗೆ, “ಇಂಥ ಅಮೋಘ ಸಲಹೆ ಕೊಟ್ಟ ಮಹಾತ್ಮರು ಯಾರು, ದರ್ಶನ ಭಾಗ್ಯ ಸಿಕ್ಕೀತೇ?” ಎಂದು ಸುತ್ತ ನೋಡಿದೆ.

ಟೀಚರುಗಳ ಸಾಲಿನಿಂದ ವಾರಿಜಾ ಎದ್ದು ನಿಂತಳು.

ಯಾರೋ ಕಿಸಕ್ಕೆಂದರು. ಮನುಷ್ಯನಾದವನು ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಆದರೆ ಇಳಿಜಾರಿನಲ್ಲಿ ಹೊರಟ ಗಾಡಿಯ ಹಾಗಾಗಿತ್ತು ನನ್ನ ಸ್ಥಿತಿ. “ಟೀಚರ್ ಅವರ ಉದ್ದೇಶ ಒಳ್ಳೆಯದೇ. ಆದರೆ ಭಾವನೆ ಬೇರೆ, ವಿಜ್ಞಾನ ಬೇರೆ” ಎಂದು ಅವಳನ್ನು ಕೈಸನ್ನೆ ಮಾಡಿ ಕೂರಿಸಿದೆ. ನನ್ನ ಹೆಂಡತಿಯನ್ನು, ಅವಳದೇ ಶಾಲೆಯಲ್ಲಿ, ಅವಳ ಸಹೋದ್ಯೋಗಿಗಳ ಮುಂದೆ!

ನನ್ನ ವಿಜ್ಞಾನವೆಂದರೆ ಲಾವಂಚದ ತಟ್ಟಿ. ರಾಯಚೂರು ಸ್ಟೇಶನ್ನಿನಲ್ಲಿ ನಮ್ಮಪ್ಪ ರೈಲ್ವೆ ಗುಮಾಸ್ತರಾಗಿದ್ದರು. ಅಲ್ಲಿನ ಫಸ್ಟ್ ಕ್ಲಾಸ್ ವೆಯಿಟಿಂಗ್ ರೂಮಿನ ಕಿಟಕಿಗಳಿಗೆ ಬೇಸಿಗೆಯಲ್ಲಿ ಲಾವಂಚದ ತಟ್ಟಿ ಕಟ್ಟಿ ನೀರು ಹೊಡೆಯುತ್ತಿದ್ದರು. ಹೊರಗೆ ಹೆಂಚಿನಂತೆ ಕಾದ ಪ್ಲಾಟ್‌ಫಾರಂ. ಒಳಗೆ ಘಮಘಮ ತಂಪು. ಅದನ್ನೇ ನಾಲ್ಕನೇ ಬಿ ತರಗತಿಯಲ್ಲಿ ಮಾಡಿ ತೋರಿಸುವೆನೆಂದು ಘೋಷಿಸಿದೆ. ರಾಕೆಟ್ಟಿನ ಆಳಿಗೆ ಬೇಡವೆನ್ನುವವರು ಯಾರು? ಚಪ್ಪಾಳೆ ಬಿತ್ತು.

ಮನೆಗೆ ಬಂದ ಮೇಲೆ ವಾರಿಜಾ ಒಂದೇ ಒಂದು ಮಾತು ಕೇಳಿದಳು. ಹಗ್ಗದ ಮೇಲಿನ ನನ್ನ ಬನಿಯನ್ನು ಹಿಂಡಿ ತೋರಿಸಿ, “ಇದನ್ನು ಒಗೆದು ಹಾಕಿದ್ದು ನಿನ್ನೆ. ಇನ್ನೂ ಒಣಗ್ಲಿಲ್ಲ. ಈ ಊರಿನ ಗಾಳಿಯೇ ಒದ್ದೆ ಉಂಟು. ನಿಮ್ಮ ತಟ್ಟಿಯ ನೀರು ಎಲ್ಲಿಗೆ ಹೋಗ್ಲಿಕ್ಕೆ?”

“ಅದು ಬನಿಯನ್ನು. ಇದು ಸೈನ್ಸು. ಎರಡಕ್ಕೂ ಏನ್ ಸಂಬಂಧ ಐತಿ?”

ಅವಳು ಬನಿಯನ್ನನ್ನು ಮತ್ತೆ ಹಗ್ಗಕ್ಕೆ ಹಾಕಿ ಒಳಗೆ ಹೋದಳು.

ಲಾವಂಚಕ್ಕೆ ಮಲಯಾಳದಲ್ಲಿ ರಾಮಚ್ಚಂ ಎನ್ನುತ್ತಾರೆ. ಇಬ್ರಾಹಿಂ ಚಾಲೈಯಿಂದ ಕಟ್ಟುಗಟ್ಟಲೆ ತಂದುಕೊಟ್ಟರು. ನಾನು ರಜೆ ಹಾಕಿ ಬಿದಿರಿನ ಚೌಕಟ್ಟಿಗೆ ಅದನ್ನು ಹೆಣೆದೆ. ತಟ್ಟಿ, ತಟ್ಟಿ ಎಂದು ನಾನು ಹೇಳುತ್ತಿದ್ದುದನ್ನು ಕೇಳಿ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮಲಯಾಳದಲ್ಲಿ ತಟ್ಟಿಪ್ಪ್ ಎಂದರೆ ಮೋಸವೆಂದು ನನಗೆ ತಿಳಿದದ್ದು ಆಮೇಲೆ.

ಪ್ರಯೋಗದ ದಿನ ಬೆಳಗಿನಿಂದಲೇ ಕಿಟಕಿಗಳಿಗೆ ತಟ್ಟಿ ಬಿಗಿದು, ಬಾಗಿಲಿಗೆ ಗೋಣಿತಾಟು ಕಟ್ಟಿ, ಶಾಲೆಯ ಆಯಾ ಜಯಮ್ಮನ ಕೈಯಲ್ಲಿ ಬಕೆಟ್ಟುಗಟ್ಟಲೆ ನೀರು ಹೊಡೆಸಿದೆ. ತಟ್ಟಿಯೊಂದರ ಹಿಂದೆ ನಮ್ಮ ಮನೆಯ ಟೇಬಲ್ ಫ್ಯಾನು. ಊಟದ ಬಿಡುವು ಮುಗಿದೊಡನೆ ಮಕ್ಕಳು ಒಳಗೆ ಬಂದು ಕೂತರು. ಗೋಡೆಗೆ ಒರಗಿ ನಿರ್ಮಲ ಟೀಚರ್, ಇಬ್ರಾಹಿಂ, ಮತ್ತೊಂದಿಷ್ಟು ತಂದೆತಾಯಿಯರು. ಬೋರ್ಡಿನ ಪಕ್ಕ ವಾರಿಜಾ. “ಒಂದು ಬಿರುಕೂ ಇರಬಾರದು” ಎಂದು ಹೇಳಿ ಬಾಗಿಲನ್ನು ನಾನೇ ಒದ್ದು ಮುಚ್ಚಿದೆ.

ಮೊದಲಿಗೆ ಘಮ್ಮೆಂದಿತು. ಎಲ್ಲರೂ ಆಹಾ ಎಂದರು. ನಾನು ನಮ್ರವಾಗಿ ತಲೆ ತಗ್ಗಿಸಿದೆ.

ಸ್ವಲ್ಪ ಹೊತ್ತಿನಲ್ಲಿ ನಿರ್ಮಲ ಟೀಚರ್ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. ಆಮೇಲೆ ಅವರ ಸೀರೆಯ ಗಂಜಿ ಇಳಿಯತೊಡಗಿತು. ಗರಿಗರಿಯಾಗಿದ್ದ ನೆರಿಗೆಗಳು ಒಂದೊಂದಾಗಿ ಶರಣಾದವು. ಕರಿಹಲಗೆ ಬೆವರಿತು. ವಾರಿಜಾ ಬರೆಯಲು ಹೋದರೆ ಸೀಮೆಸುಣ್ಣ ಬೆಣ್ಣೆಯ ಹಾಗೆ ಮೆತ್ತಿಕೊಂಡಿತು. ಗೋಡೆಯ ಮೇಲಿದ್ದ ಭಾರತದ ಭೂಪಟ ಕಾಶ್ಮೀರದ ಕಡೆಯಿಂದ ಗೋಡೆ ಬಿಟ್ಟು ಸುರುಳಿ ಸುತ್ತಿಕೊಂಡು ಕನ್ಯಾಕುಮಾರಿಯ ಮೇಲೆ ಬಿತ್ತು. ಮಕ್ಕಳ ಮುಖಗಳು ಆಗಷ್ಟೇ ಪಾತ್ರೆಯ ಮುಚ್ಚಳ ತೆಗೆದಾಗ ಕಾಣುವ ಇಡ್ಲಿಗಳಂತೆ ಹೊಳೆಯುತ್ತಿದ್ದವು.

ನಾನು ಥರ್ಮಾಮೀಟರ್ ನೋಡಿದೆ. “ಇಳಿದಿದೆ! ಎರಡು ಡಿಗ್ರಿ ಇಳಿದಿದೆ!” ಎಂದು ಕೂಗಿದೆ. ನನ್ನ ಮೂಗಿನ ತುದಿಯಿಂದ ಬೆವರು ಅದರ ಮೇಲೆಯೇ ತೊಟ್ಟಿಕ್ಕಿತು. “ಜಯಮ್ಮಾ, ಇನ್ನೂ ನೀರು!”

ಗ್ರೀಷ್ಮಾ ಬೆಂಚಿನ ಮೇಲೆ ತಲೆ ಇಟ್ಟಳು. ವಾರಿಜಾ ನನ್ನ ಕಡೆ ನೋಡಿದಳು. “ಸಾಕು, ಬಾಗಿಲು ತೆಗೀರಿ.”

“ಇನ್ನೊಂದ್ ಸ್ವಲ್ಪ ತಡಿ. ಪ್ರಯೋಗ ಈಗ ಹದಕ್ಕ ಬರಾಕತ್ತೈತಿ.”

“ಬಾಗಿಲು ತೆಗೀರಿ ಹೇಳಿದ್ದು ನಾನು!”

ತೆಗೆಯಲು ಹೋದೆ. ಬಾಗಿಲು ಬರಲಿಲ್ಲ. ಬೆಳಗಿನಿಂದ ನೀರು ಕುಡಿದ ಅಗ್ಗದ ಮರ ಉಬ್ಬಿ ಚೌಕಟ್ಟಿನಲ್ಲಿ ಕಚ್ಚಿಕೊಂಡಿತ್ತು. ನಾನು ಎಳೆದೆ, ಇಬ್ರಾಹಿಂ ಎಳೆದರು, ಹೊರಗಿನಿಂದ ಜಯಮ್ಮ ತಳ್ಳಿದರು. ಚಿಲಕ ಕಿತ್ತು ನನ್ನ ಕೈಗೆ ಬಂತು. ಹಿಂದಿನ ಬೆಂಚಿನಲ್ಲಿ ಒಂದು ಮಗು ಅಳಲು ಶುರು ಮಾಡಿತು. ಅದನ್ನು ನೋಡಿ ಇನ್ನೆರಡು.

ನಾನು ಚಿಲಕ ಹಿಡಿದುಕೊಂಡು, ಮರಕ್ಕೆ ಹೀಗೇಕಾಗುತ್ತದೆಂದು ನಿರ್ಮಲ ಟೀಚರಿಗೆ ವಿವರಿಸುತ್ತಿದ್ದೆ. (ಹೌದು, ಆಗಲೂ.) ಅಷ್ಟರಲ್ಲಿ ವಾರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಂಚು ಹತ್ತಿ, ಕಿಟಕಿಯ ತಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅದು ಫ್ಯಾನಿನ ಸಮೇತ ಕೆಳಗೆ ಬಿತ್ತು. ಸರಳಿಲ್ಲದ ಕಿಟಕಿಯಿಂದ ಗಾಳಿ ಒಳಗೆ ನುಗ್ಗಿತು. ಮೊದಲು ಗ್ರೀಷ್ಮಾಳನ್ನು ಎತ್ತಿ ಹೊರಗಿದ್ದ ಜಯಮ್ಮನಿಗೆ ಕೊಟ್ಟಳು. ಆಮೇಲೆ ಒಂದೊಂದೇ ಮಗು. ಕೊನೆಗೆ, ಹೇಳಲು ನಾಚಿಕೆಯಾಗುತ್ತದೆ, ನಿರ್ಮಲ ಟೀಚರ್. ಮೂವತ್ತು ವರ್ಷ ಗಾಂಭೀರ್ಯದಿಂದ ಶಾಲೆ ನಡೆಸಿದ ಆ ಮಹಿಳೆ ಕಿಟಕಿಯ ಮೇಲೆ ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ಕೂತಿದ್ದಾಗ ಇಡೀ ಶಾಲೆ ಅಂಗಳದಲ್ಲಿ ನಿಂತು ನೋಡುತ್ತಿತ್ತು.

ಅಂಗಳದಲ್ಲಿ ಒಂದು ದೊಡ್ಡ ಹಲಸಿನ ಮರ. ಅದರ ನೆರಳಿನಲ್ಲಿ ಮಕ್ಕಳು ಕೂತರು. ಸಮುದ್ರದ ಕಡೆಯಿಂದ ಗಾಳಿ ಬೀಸಿತು. ಗ್ರೀಷ್ಮಾ ನೀರು ಕುಡಿದು ನಕ್ಕಳು. ವಾರಿಜಾ ಕೈಯ ಸುಣ್ಣ ಒರೆಸಿಕೊಂಡು ಗುಣಾಕಾರ ಬಿಟ್ಟಲ್ಲಿಂದ ಮುಂದುವರಿಸಿದಳು.

ಕಿಟಕಿಯಿಂದ ಕೊನೆಯವನಾಗಿ ನಾನು ಇಳಿಯುವಾಗ ಒಬ್ಬ ಹುಡುಗ ದೀಪ್ತಿಯನ್ನು ಕೇಳುವುದು ಕಿವಿಗೆ ಬಿತ್ತು. “ನಿಂಡೆ ಅಚ್ಛನ್ ಸೈಂಟಿಸ್ಟ್ ಅಲ್ಲೇ?”

ನಿನ್ನ ಅಪ್ಪ ವಿಜ್ಞಾನಿ ಅಲ್ವಾ ಎಂಬ ಆ ಪ್ರಶ್ನೆಗೆ ನನ್ನ ಮಗಳು ತಲೆ ಎತ್ತದೆ ಉತ್ತರ ಕೊಟ್ಟಳು. “ಅಲ್ಲ. ಸ್ಟೋರಿಲಾ.”

ಸ್ಟೋರಿನಲ್ಲಿ. ಅಷ್ಟೇ. ಇಬ್ರಾಹಿಂ ನನ್ನ ಪಕ್ಕದಲ್ಲೇ ಇದ್ದರು. ಅಂಗಿ ಹಿಂಡಿಕೊಳ್ಳುತ್ತಾ, ಏನೂ ಕೇಳಿಸದವರ ಹಾಗೆ ಆಕಾಶ ನೋಡಿದರು. ಅವರು ನಕ್ಕಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆ ಸಂಜೆ ವಾರಿಜಾ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಎದುರಾಡಿ ಹಗುರಾಗುತ್ತಿದ್ದೆ. ಊಟ ಬಡಿಸುತ್ತಾ ಕೇಳಿದಳು: “ಮೀಟಿಂಗಲ್ಲಿ ನಾನು ಎದ್ದು ನಿಂತಾಗ, ಎದ್ದದ್ದು ನಾನು ಅಂತ ನಿಮಗೆ ಗೊತ್ತಾಯ್ತಲ್ಲ?”

“ಗೊತ್ತಾತು.”

“ಮತ್ತೆ?”

ನಾನು ಕಲಸಿದ ಅನ್ನವನ್ನೇ ಮತ್ತೆ ಕಲಸಿದೆ.

ಮುಂದಿನ ಮೀಟಿಂಗಿಗೆ ಹೋಗಬಾರದೆಂದಿದ್ದೆ. ಆದರೆ ಅವಳ ಸಹೋದ್ಯೋಗಿಗಳ ಎದುರಿಗೇ ಅವಳ ಕ್ಷಮೆ ಕೇಳಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ಮಲಯಾಳದಲ್ಲಿ ನಾಲ್ಕು ವಾಕ್ಯ ಬಾಯಿಪಾಠ ಮಾಡಿದ್ದೆ. ಎದ್ದು ನಿಂತು ಗಂಟಲು ಸರಿಪಡಿಸಿಕೊಂಡೆ. ಸಭೆಯ ಉದ್ದಕ್ಕೂ ಒಂದು ನಡುಕ ಹರಿಯಿತು. ಮುಂದಿನ ಸಾಲಿನ ತಾಯಿಯೊಬ್ಬರು ತಮ್ಮ ಮಗುವನ್ನು ಹತ್ತಿರ ಎಳೆದುಕೊಂಡರು. ನಿರ್ಮಲ ಟೀಚರ್ ಗಾಬರಿಯಿಂದ ಎರಡೂ ಕೈ ಮುಂದೆ ಚಾಚಿ, “ಸಾರ್, ಇರಿಕ್ಕೂ, ಪ್ಲೀಸ್, ಇರಿಕ್ಕೂ!” ಎಂದು ಕೂರಲು ಬೇಡಿಕೊಂಡರು. ಕೂತುಬಿಟ್ಟೆ. ಚಪ್ಪಾಳೆ ಬಿತ್ತು. ಹಿಂದಿನ ಸಲಕ್ಕಿಂತ ಜೋರಾಗಿಯೇ ಬಿತ್ತು.

ವಾರಿಜಾಳ ಸಲಹೆ ಅವಿರೋಧವಾಗಿ ಪಾಸಾಯಿತು. ನಾನು ಎರಡೂ ಕೈ ಎತ್ತಿದ್ದೆ. ಮಾಡಿನ ಮೇಲೆ ತೆಂಗಿನ ಗರಿ ಬಂತು, ಕಿಟಕಿಗಳು ತೆರೆದವು, ಶಾಲೆ ಏಳೂವರೆಗೆ ಶುರುವಾಯಿತು. ಏಳೂವರೆಯ ಶಾಲೆಗೆ ಟೀಚರುಗಳು ಅದಕ್ಕೂ ಮೊದಲೇ ಹೋಗಬೇಕೆಂಬುದೂ, ಹಾಗಾದರೆ ನಮ್ಮ ಮನೆಯ ಬೆಳಗಿನ ಆಡಳಿತ ಯಾರ ತಲೆಗೆ ಬರುತ್ತದೆಂಬುದೂ ಕೈ ಎತ್ತುವಾಗ ನನಗೆ ಹೊಳೆದಿರಲಿಲ್ಲ.

“ಪುಟ್ಟು ಬೇಯಿಸಿ, ಚಟ್ನಿ ಅರೆಯಿರಿ, ದೀಪ್ತಿಗೆ ಎರಡು ಜಡೆ ಹಾಕಿ ಕರ್ಕೊಂಡು ಬನ್ನಿ” ಎಂದು ಮೊದಲ ದಿನ ವಾರಿಜಾ ಕೊಡೆ ತೆಗೆದುಕೊಂಡು ಹೊರಟೇಹೋದಳು. ಅಕ್ಕಿಹಿಟ್ಟಿನ ಪುಟ್ಟು ಹಬೆಯ ಕೊಳವೆಯಿಂದ ಹೊರಬರಲು ಒಪ್ಪಲಿಲ್ಲ. ಚಟ್ನಿ ಗೋಡೆಗೂ ಹಾರಿತು. ಜಡೆಗಳಲ್ಲಿ ಒಂದು ಕಿವಿಯ ಮೇಲೆ, ಇನ್ನೊಂದು ಹೆಗಲ ಹತ್ತಿರ ಶುರುವಾಗಿತ್ತು. ದೀಪ್ತಿ ಕನ್ನಡಿ ನೋಡಿ, ದಾರಿಯುದ್ದಕ್ಕೂ ನನ್ನಿಂದ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಶಾಲೆಯ ಗೇಟಿನಲ್ಲಿ ವಾರಿಜಾ ನಿಂತಿದ್ದಳು. ಮಗಳ ತಲೆಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ. ಎಲ್ಲರ ಮುಂದೆಯೇ ಎರಡೂ ಜಡೆ ಬಿಚ್ಚಿ ಹೊಸದಾಗಿ ಹೆಣೆಯತೊಡಗಿದಳು. ತಂದೆತಾಯಿಯರು ಸುತ್ತ ಹಾದುಹೋದರು. ಇಬ್ರಾಹಿಂ ತಮ್ಮ ಮಗನನ್ನು ಒಳಗೆ ಬಿಟ್ಟು ಬಂದು, ನನಗೆ ಏನಾದರೂ ಸಮಾಧಾನ ಹೇಳಬೇಕೆಂದು ಹುಡುಕಿ ಹೇಳಿದರು: “ಬೆಳಿಗ್ಗೆ ಈ ಹೊತ್ತಿಗೆ ಎಷ್ಟು ತಂಪು ಅಲ್ವಾ ಸಾರ್?”

“ಹೌದು” ಎಂದೆ, ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಾ.