ಚಿದಂಬರಯ್ಯ ಮೇಷ್ಟ್ರು ಸೂರ್ಯನಾದದ್ದು

“ಸೂರ್ಯ ಏನೂ ಮಾಡ್ಬೇಕಾಗಿಲ್ಲ ಕಣ್ರೀ! ಮಧ್ಯದಲ್ಲಿ ಸುಮ್ನೆ ನಿಂತಿದ್ರೆ ಸಾಕು!” ಎನ್ನುತ್ತಾ ಲಲಿತಾಂಬ ಗಂಡನ ಸೊಂಟಕ್ಕೆ ಹಳದಿ ಬೆಲ್ಟನ್ನು ಬಿಗಿದಾಗ, ಚಿದಂಬರಯ್ಯ ಮೇಷ್ಟ್ರು ಆಗಲೇ ಗೇಟಿನ ಕಡೆ ನೋಡುತ್ತಿದ್ದರು.

ತಿಪಟೂರಿನ ಒಂದು ಶಾಲೆಯಲ್ಲಿ ಮೇಷ್ಟ್ರು ಏಳನೇ ಕ್ಲಾಸಿಗೆ ವಿಜ್ಞಾನ ಹೇಳುತ್ತಿದ್ದರು. ಅವರಷ್ಟು ಪುಕ್ಕಲು ಮನುಷ್ಯ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಹಲ್ಲಿ ಲೊಚಗುಟ್ಟಿದರೆ ಭಯ, ಕುಕ್ಕರ್ ಕೂಗಿದರೆ ಭಯ, ಪೋಸ್ಟ್‌ಮ್ಯಾನ್ ಬೆಲ್ ಹೊಡೆದರೂ ಭಯ! ಕರಿಹಲಗೆಯ ಮುಂದೆ ಚಾಕ್‌ಪೀಸು ಹಿಡಿದು ನಿಂತಾಗ ಮಾತ್ರ ಅವರಿಗೆ ಹೆದರುವುದು ಮರೆತುಹೋಗುತ್ತಿತ್ತು. ಇಂಥವರಿಗೆ ದೇವರು ಹೊಸ ಹೊಸ ಯಂತ್ರ ಕಟ್ಟುವ ಹೆಂಡತಿಯನ್ನು ಗಂಟುಹಾಕಿದ್ದ. ಆಕೆಯ ದೋಸೆ ಮಗುಚುವ ಯಂತ್ರ ಮಗುಚಿದ ಮೊದಲ ದೋಸೆ ಮೇಷ್ಟ್ರ ಮುಖದ ಮೇಲೆ ಬಿದ್ದಿತ್ತು. ತಾನೇ ಇಳಿಯುವ ಸೊಳ್ಳೆಪರದೆ ಅವರನ್ನು ಸುತ್ತಿ ಬೆಳಗಿನವರೆಗೆ ಬಿಟ್ಟಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಹೊಸ ಯಂತ್ರದ ಪ್ರದರ್ಶನ. ಒಂದೊಂದು ಗ್ರಹಕ್ಕೆ ಒಂದೊಂದು ಬೆಲ್ಟು. ಕಟ್ಟಿಕೊಂಡವರು ನೆಲದಿಂದ ಒಂದು ಗೇಣು ಮೇಲೆದ್ದು ಸೂರ್ಯನ ಸುತ್ತ ತೇಲುತ್ತಾರೆ!

“ಬ್ಯಾಟರಿ ಇಲ್ಲ, ಕರೆಂಟೂ ಇಲ್ಲ! ಎಲ್ಲಾ ನಮ್ಮ ಯಜಮಾನರ ಎದೆಬಡಿತದಲ್ಲೇ ನಡೆಯತ್ತೆ!” ಎಂದು ಲಲಿತಾಂಬ ಹೆಡ್‌ಮಾಸ್ಟರಿಗೆ ಹೆಮ್ಮೆಯಿಂದ ವಿವರಿಸಿದಳು.

“ನನ್ನ ಎದೆಬಡಿತಾನಾ? ನನ್ನನ್ನ ಒಂದು ಮಾತು ಕೇಳಿದ್ಯೇನೇ?”

“ಕೇಳಿದ್ರೆ ನೀವು ಬೇಡ ಅಂತಿದ್ರಿ.”



ಏಳು ಮಕ್ಕಳು ಬೆಲ್ಟು ಕಟ್ಟಿಕೊಂಡರು. ರುಕ್ಸಾನಾ ಭೂಮಿಯಾದಳು. ಮಧುಕರನಿಗೆ ಬುಧ ಸಿಕ್ಕಿತು. ದೊಡ್ಡ ಗ್ರಹವಾದ ಗುರುವಿನ ಬೆಲ್ಟು ಯಾವ ಹುಡುಗನ ಸೊಂಟದಲ್ಲೂ ನಿಲ್ಲಲಿಲ್ಲ. ಕೊನೆಗೆ ಹೆಡ್‌ಮಾಸ್ಟರ್ ಬಸಪ್ಪನವರೇ ಅದನ್ನು ಕಟ್ಟಿಕೊಂಡು, “ಸರಿಯಾಗಿ ಕೂತಿದೆ ನೋಡಿ” ಎಂದು ಹೊಟ್ಟೆ ಸವರಿಕೊಂಡರು.

ಲಲಿತಾಂಬ ಹಳದಿ ಬೆಲ್ಟಿನ ಗುಂಡಿ ಒತ್ತಿದಳು. ಎಲ್ಲರೂ ಮೆಲ್ಲಗೆ ಮೇಲೆದ್ದು ಸುತ್ತತೊಡಗಿದರು. ಮಕ್ಕಳು ಹೋ ಎಂದು ಕಿರುಚಿದರು. ಶುಕ್ರನಾದ ಹುಡುಗ ತನ್ನಷ್ಟಕ್ಕೆ ತಾನು ಹಿಂದುಮುಂದಾಗಿ ಗಿರಕಿ ಹೊಡೆದ. ಯುರೇನಸ್ ಹುಡುಗಿ ಮಗ್ಗುಲಾಗಿ ಮಲಗಿ ಉರುಳುರುಳಿ ಹೋದಳು. ಗುರುವಿನ ಸೆಳೆತಕ್ಕೆ ಜಗಲಿಯ ಮೇಲಿದ್ದ ಟಿಫಿನ್ ಡಬ್ಬಿಗಳೆಲ್ಲ ಹಾರಿಬಂದು ಹೆಡ್‌ಮಾಸ್ಟರರನ್ನು ಸುತ್ತತೊಡಗಿದವು. ನೆಪ್ಚೂನ್ ಹುಡುಗ ಮಾತ್ರ ದೂರದ ಕಾಂಪೌಂಡಿನ ಹತ್ತಿರ ಕಡಲೆಕಾಯಿ ತಿನ್ನುತ್ತಾ ಸಾವಕಾಶವಾಗಿ ಸಾಗುತ್ತಿದ್ದ.

ಭಯಪಡುವಂಥದ್ದೇನೂ ಇಲ್ಲವಲ್ಲ ಎಂದು ಮೇಷ್ಟ್ರಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದೇ ತಡ, ಗೇಟಿನಲ್ಲಿ ವಾಸುದೇವ ಶೆಟ್ಟರು ಕಾಣಿಸಿಕೊಂಡರು.

ಕೊಬ್ಬರಿ ಮಂಡಿಯ ಶೆಟ್ಟರು ಶಾಲೆಯ ಸಮಿತಿಗೆ ಅಧ್ಯಕ್ಷರು. ಆಗಸ್ಟ್ ಹದಿನೈದರಂದು ಬಾವುಟ ಹಾರಿಸುವುದು ಬಿಟ್ಟರೆ ಅವರು ಈ ಕಡೆ ತಲೆ ಹಾಕಿದವರಲ್ಲ. ಹಾರುವ ಮಕ್ಕಳ ಸುದ್ದಿ ಮಂಡಿಯವರೆಗೂ ಹೋಗಿರಬೇಕು.

“ಅಯ್ಯೋ ಅನಿಷ್ಟವೇ! ಏನಮ್ಮಾ ಇದು? ಎಡಗಡೆಯಿಂದ ಸುತ್ತುತಾ ಇದಾರಲ್ಲ! ಅಪ್ರದಕ್ಷಿಣೆ! ಹೆಣಕ್ಕೆ ಮಾತ್ರ ಹಾಗೆ ಸುತ್ತೋದು!”

“ಶೆಟ್ಟರೇ, ಮೇಲಿಂದ ನೋಡಿದ್ರೆ ಗ್ರಹಗಳು ಸುತ್ತೋದೇ ಹಾಗೆ” ಎಂದಳು ಲಲಿತಾಂಬ.

“ಗ್ರಹಗಳಿಗೆ ಹೇಳೋರು ಕೇಳೋರು ಇಲ್ಲ. ಇವು ನಮ್ಮ ಶಾಲೆ ಮಕ್ಕಳು! ಜೀವ ಇರೋ ಮನುಷ್ಯನ್ನ ಹೀಗೆ ಸುತ್ತಿದ್ರೆ ಅವನು ಉಳೀತಾನೇನಮ್ಮಾ?”

ಮೇಷ್ಟ್ರ ಎದೆ ಧಸಕ್ಕೆಂದಿತು. ತಮ್ಮ ತಂದೆಯ ಚಿತೆಯನ್ನು ಮಡಕೆ ಹೊತ್ತು ತಾವು ಇದೇ ದಿಕ್ಕಿನಲ್ಲಿ ಸುತ್ತಿದ್ದು ನೆನಪಿಗೆ ಬಂತು. ಅಂದು ಮಧ್ಯದಲ್ಲಿ ಅಪ್ಪ ಇದ್ದರು. ಇಂದು ಮಧ್ಯದಲ್ಲಿ ತಾವು! ಎದೆ ಡವಡವ ಹೊಡೆದುಕೊಂಡಿತು.

ಗ್ರಹಗಳು ಜೋರಾದವು.

“ರೀ! ಹೆದರ್ಕೋಬೇಡಿ! ನೀವು ಹೆದರಿದಷ್ಟೂ ಅವು ಓಡ್ತವೆ!”

ಹೆದರಬೇಡ ಎಂದರೆ ಹೆದರಿಕೆ ಹೋಗುವಂತಿದ್ದರೆ ಮೇಷ್ಟ್ರು ಎಂದೋ ಮಿಲಿಟರಿ ಸೇರುತ್ತಿದ್ದರು. ಹೆಂಡತಿಯ ಮಾತು ಕೇಳಿ ಅವರು ಇನ್ನಷ್ಟು ಹೆದರಿದರು. ಅವರು ಹೆದರಿದ್ದಕ್ಕೆ ಮಕ್ಕಳು ಇನ್ನಷ್ಟು ಜೋರಾಗಿ ಸುತ್ತಿದರು. ಮಕ್ಕಳನ್ನು ನೋಡಿ ಮೇಷ್ಟ್ರಿಗೆ ಜೀವವೇ ಬಾಯಿಗೆ ಬಂತು.

“ಸರೀರಿ, ಪ್ರದಕ್ಷಿಣೆ ಅಂದ್ರೆ ಹೇಗೆ ಅಂತ ನಾನೇ ತೋರಿಸ್ತೀನಿ!” ಎಂದು ಶೆಟ್ಟರು ಮೇಜಿನ ಮೇಲೆ ಉಳಿದಿದ್ದ ಒಂದೇ ಒಂದು ಬೆಲ್ಟನ್ನು ಎತ್ತಿ ಸೊಂಟಕ್ಕೆ ಸುತ್ತಿಕೊಂಡರು. ಅದಕ್ಕೆ ಉದ್ದನೆಯ ಬೆಳ್ಳಿಕಾಗದದ ಬಾಲವಿತ್ತು.

“ಅದು ಬೇಡ ಶೆಟ್ಟರೇ, ಅದು ಧೂಮ...”

ಮಾತು ಮುಗಿಯುವಷ್ಟರಲ್ಲಿ ಶೆಟ್ಟರು ನೆಲ ಬಿಟ್ಟಿದ್ದರು. ಕೆಲವು ಧೂಮಕೇತುಗಳು ಗ್ರಹಗಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತವೆ. ಲಲಿತಾಂಬ ಅಂಥದ್ದನ್ನೇ ಮಾಡಿಟ್ಟಿದ್ದಳು. ಶೆಟ್ಟರು ಮೇಷ್ಟ್ರ ಮೂಗಿನ ಮುಂದೆಯೇ ಬಲಗಡೆಯಿಂದ ಶಾಸ್ತ್ರೋಕ್ತವಾಗಿ ಒಂದು ಪ್ರದಕ್ಷಿಣೆ ಹೊಡೆದು, ಬಾಲ ಬೀಸುತ್ತಾ, ಮೇಲೇರಿ ಕಾಂಪೌಂಡು ದಾಟಿ, ರೈಲ್ವೆ ಸ್ಟೇಷನ್ನಿನ ಕಡೆಗೆ ಹಾರಿಹೋದರು. “ಅಯ್ಯಯ್ಯೋ!” ಎಂಬ ಕೂಗು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಅದೂ ಇಲ್ಲ.

ಮೇಷ್ಟ್ರ ಎದೆ ಇನ್ನೂ ಜೋರಾಯಿತು. ಬುಧನಾದ ಮಧುಕರ ಈಗ ಕಣ್ಣಿಗೇ ಕಾಣುತ್ತಿರಲಿಲ್ಲ, ಬರೀ ಖಾಕಿ ಚಡ್ಡಿಯ ಬಣ್ಣದ ಒಂದು ಬಳೆ ಕಾಣುತ್ತಿತ್ತು. ಟಿಫಿನ್ ಡಬ್ಬಿಗಳ ಮುಚ್ಚಳ ಕಳಚಿ ಹೆಡ್‌ಮಾಸ್ಟರರ ಸುತ್ತ ಚಿತ್ರಾನ್ನದ ಬಳೆಯೊಂದು ಎದ್ದಿತ್ತು. ರುಕ್ಸಾನಾಳ ಜಡೆ ಬಿಚ್ಚಿಹೋಗಿತ್ತು. “ಸಾರ್, ನಿಲ್ಸಿ ಸಾರ್!” ಎಂದು ಆಕೆ ಅಳುತ್ತಿದ್ದಳು.

ಓಡಿಬಿಡೋಣವೇ? ಹುಟ್ಟಿದಾಗಿನಿಂದ ಮೇಷ್ಟ್ರಿಗೆ ಗೊತ್ತಿದ್ದ ಉಪಾಯ ಅದೊಂದೇ. ಹಳದಿ ಬೆಲ್ಟು ಕಳಚಿ ಎಸೆದು, ಸ್ಟಾಫ್ ರೂಮಿಗೆ ನುಗ್ಗಿ, ಚಿಲಕ ಹಾಕಿಕೊಂಡರೆ ಆಯಿತು. ಅವರ ಬೆರಳು ಬಕಲ್ಲಿನ ಮೇಲೆ ಬಂತು.

“ಸಾರ್, ತೆಗೀಬೇಡಿ ಸಾರ್!” ರುಕ್ಸಾನಾ ಚೀರಿದಳು. “ಸೂರ್ಯ ಮಾಯ ಆದ್ರೆ ಗ್ರಹಗಳು ನೇರ ಹೋಗ್ತವೆ ಸಾರ್! ನೀವೇ ಹೇಳ್ಕೊಟ್ಟಿದ್ದು ಸಾರ್!”

ಬೆರಳು ಅಲ್ಲೇ ನಿಂತಿತು. ಹೌದು, ತಾವೇ ಹೇಳಿಕೊಟ್ಟಿದ್ದು. ಪ್ರತಿ ವರ್ಷ ಪರೀಕ್ಷೆಯಲ್ಲೂ ಕೇಳುವ ಪ್ರಶ್ನೆ. ಮೇಷ್ಟ್ರು ಸುತ್ತ ನೋಡಿದರು. ಕಾಂಪೌಂಡಿನ ಕಲ್ಲುಗೋಡೆ. ಅದರ ಮೇಲೆ, ಕಳ್ಳರು ಹತ್ತದಿರಲಿ ಎಂದು ನೆಟ್ಟ ಗಾಜಿನ ಚೂರುಗಳು. ನೇರ ಹೋದರೆ ಎಂಟು ಜನವೂ ಅದಕ್ಕೇ ಹೋಗಿ ಅಪ್ಪಳಿಸಬೇಕು.

ಬದುಕಿನಲ್ಲಿ ಇಷ್ಟು ಭಯ ಅವರಿಗೆ ಎಂದೂ ಆಗಿರಲಿಲ್ಲ. ಹಿಂದಿನ ಭಯಗಳೆಲ್ಲ ತಮ್ಮ ಪ್ರಾಣಕ್ಕಾಗಿ. ಇದು ಆ ಮಕ್ಕಳ ಪ್ರಾಣಕ್ಕಾಗಿ. ಓಡುವಂತಿಲ್ಲ, ಕೂರುವಂತಿಲ್ಲ, ಮೂರ್ಛೆ ಹೋಗುವ ಹಾಗೂ ಇಲ್ಲ. ಬೆವರೊರೆಸಲು ಕೈ ತಾನಾಗಿ ಜೇಬಿನ ಕರವಸ್ತ್ರಕ್ಕೆ ಹೋಯಿತು. ಕರವಸ್ತ್ರದ ಬದಲು ಒಂದು ತುಂಡು ಚಾಕ್‌ಪೀಸು ಕೈಗೆ ಬಂತು.

ಮೇಷ್ಟ್ರು ಅದನ್ನೇ ನೋಡಿದರು. ಗಂಟಲು ಸರಿಮಾಡಿಕೊಂಡರು.

“ಗಲಾಟೆ ಮಾಡ್ಬೇಡ್ರೋ! ಸೂರ್ಯನಿಗೆ ಅತಿ ಹತ್ತಿರದ ಗ್ರಹ ಯಾವುದು?”

“ನಾನು ಸಾರ್!” ಎಂದಿತು ಖಾಕಿ ಬಳೆ.

“ನಿಂಗೆ ಒಂದು ವರ್ಷ ಅಂದ್ರೆ ಎಷ್ಟು ದಿನ?”

“ಎಂಬತ್ತೆಂಟು ಸಾರ್! ಆದ್ರೆ ಈಗ ಕೇಳೋದ್ರೊಳಗೆ ಮುಗ್ದೋಯ್ತು ಸಾರ್!”

“ಅಧಿಕಪ್ರಸಂಗ ಬೇಡ. ಶುಕ್ರ, ನಿನ್ನಲ್ಲಿ ಸೂರ್ಯ ಹುಟ್ಟೋದು ಎಲ್ಲಿ?”

“ಪಶ್ಚಿಮದಲ್ಲಿ ಸಾರ್! ವಾಂತಿ ಬರ್ತಿದೆ ಸಾರ್!”

“ಉತ್ತರ ಹೇಳಿ ಆಮೇಲೆ ಮಾಡು. ಯಾಕೆ ಪಶ್ಚಿಮದಲ್ಲಿ?”

“ನಾನು ಉಲ್ಟಾ ತಿರುಗ್ತೀನಲ್ಲ, ಅದಕ್ಕೆ ಸಾರ್!”

ಶಭಾಷ್ ಎಂದು ಮೇಷ್ಟ್ರು ತಲೆದೂಗಿದರು. ಮುಂದೆ ಮಂಗಳ ಕೆಂಪಗಿರುವುದೇಕೆ, ಶನಿಯ ಬಳೆ ಯಾವುದರಿಂದ ಆಗಿದೆ, ಒಂದೊಂದನ್ನೇ ಕೇಳುತ್ತಾ ಹೋದರು. ಗಾಳಿಯಲ್ಲೇ ಚಾಕ್‌ಪೀಸಿನಿಂದ ಕಕ್ಷೆ ಬರೆದು ತೋರಿಸಿದರು. ಧ್ವನಿ ಗಟ್ಟಿಯಾಯಿತು. ಮುಂದಿನ ಪ್ರಶ್ನೆ ಯಾವುದೆಂಬ ಯೋಚನೆಯಲ್ಲಿ ಹೆದರುವುದು ಮರೆತೇಹೋಯಿತು. ಖಾಕಿ ಬಳೆ ಮೆಲ್ಲನೆ ಮತ್ತೆ ಮಧುಕರನಾಯಿತು. “ಹಗಲು ರಾತ್ರಿ ಯಾಕಾಗತ್ತೆ, ಭೂಮಿ ಹೇಳಲಿ” ಎಂದಾಗ ರುಕ್ಸಾನಾ ಕಣ್ಣೊರೆಸಿಕೊಂಡು ಉತ್ತರ ಹೇಳಿದಳು. ಹೇಳುತ್ತಿದ್ದಂತೆ ಆಕೆಯ ಚಪ್ಪಲಿ ನೆಲಕ್ಕೆ ತಾಗಿತು.

ಎಲ್ಲರೂ ಇಳಿದರು. ಲಲಿತಾಂಬ ಓಡಿಹೋಗಿ ಒಬ್ಬೊಬ್ಬರದೇ ಬೆಲ್ಟು ಬಿಚ್ಚಿದಳು. ಹೆಡ್‌ಮಾಸ್ಟರರು ಮೀಸೆಯಿಂದ ಚಿತ್ರಾನ್ನ ಕೊಡವಿಕೊಂಡರು. ಮೇಷ್ಟ್ರು ಮಕ್ಕಳನ್ನು ಎರಡೆರಡು ಸಲ ಎಣಿಸಿ, ಏಳೂ ಇವೆ ಎಂದು ಖಾತ್ರಿಯಾದ ಮೇಲೆ ಉಸಿರುಬಿಟ್ಟರು.

ಆಗ ಹೆಡ್‌ಮಾಸ್ಟರರ ಫೋನು ಹೊಡೆದುಕೊಂಡಿತು. ಶೆಟ್ಟರು!

“ನಾನು ಸ್ಟೇಷನ್ ಆಚೆ ತೋಟದಲ್ಲಿದೀನಿ ಕಣ್ರೀ! ತೆಂಗಿನ ಮರದ ಸುಳಿ ಅಂಗಾಲಿಗೆ ತಾಗ್ತಾ ಇದೆ! ಮುಂದೂ ಹೋಗ್ತಿಲ್ಲ, ಹಿಂದೂ ಬರ್ತಿಲ್ಲ!”

ಲಲಿತಾಂಬ ಹಣೆ ಚಚ್ಚಿಕೊಂಡಳು. “ದೂರ ಹೋದ ಧೂಮಕೇತು ಇಳಿಯೋದಿಲ್ಲ, ನಿಧಾನ ಆಗತ್ತೆ ಅಷ್ಟೆ. ರೀ, ನಿಮ್ಮ ಎದೆ ಹೀಗೆ ತಣ್ಣಗಿದ್ರೆ ಅವರು ಬರೋದು ಮುಂದಿನ ಯುಗಾದಿಗೆ! ಅವರು ಅಲ್ಲೇ ಬೆಲ್ಟು ಬಿಚ್ಚಿದ್ರೆ ಮರದ ಮೇಲಿಂದ ಬಿದ್ದೇಹೋಗ್ತಾರೆ. ಸ್ವಲ್ಪ ಹೆದರ್ಕೊಳ್ರೀ!”

ಮೇಷ್ಟ್ರು ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಬರಲಿಲ್ಲ. ಮಧುಕರ ಒಂದು ಹಲ್ಲಿ ಹಿಡಿದು ತಂದು ಅವರ ಭುಜದ ಮೇಲೆ ಬಿಟ್ಟ. ಮೇಷ್ಟ್ರು ಅದರ ಬಾಲ ತೋರಿಸಿ, ಅದು ಕಡಿದರೂ ಮತ್ತೆ ಬೆಳೆಯುವ ಬಗೆಯನ್ನು ಮಕ್ಕಳಿಗೆ ವಿವರಿಸಿದರು.

“ಮೇಷ್ಟ್ರೇ, ನಿಮ್ಮ ದಮ್ಮಯ್ಯ, ಹೆದರ್ಕೊಳ್ರಪ್ಪಾ!” ಎಂದು ಫೋನಿನಲ್ಲಿ ಶೆಟ್ಟರು ಗೋಗರೆದರು.

ಲಲಿತಾಂಬ ಒಂದು ಕ್ಷಣ ಯೋಚಿಸಿದಳು. ಆಮೇಲೆ ಚೀಲದಿಂದ ಇನ್ನೊಂದು ಬೆಲ್ಟನ್ನು ಹೊರಗೆ ತೆಗೆದಳು. ಅದು ಕಪ್ಪಗಿತ್ತು.

“ರೀ, ಮುಂದಿನ ವಾರ ಕಪ್ಪುಕುಳಿ ಪಾಠ ಅಲ್ವಾ? ಬೆಲ್ಟು ರೆಡಿ ಮಾಡಿದೀನಿ. ನಿಮ್ಮ ಅಳತೆಗೇ.”

ಮೇಷ್ಟ್ರ ಕೈಯಿಂದ ಚಾಕ್‌ಪೀಸು ಜಾರಿತು. ಎದೆ ಡವಡವಗುಟ್ಟಿತು. ಸ್ಟೇಷನ್ನಿನ ಕಡೆಯಿಂದ ಒಂದು ಚೀತ್ಕಾರ ಹೊರಟು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಶೆಟ್ಟರು ಕಾಂಪೌಂಡು ದಾಟಿ ನುಗ್ಗಿ, ಮೇಷ್ಟ್ರಿಗೆ ಬಲಗಡೆಯಿಂದ ಇನ್ನೊಂದು ಪ್ರದಕ್ಷಿಣೆ ಹೊಡೆದು, ಬೆಳ್ಳಿ ಬಾಲ ಬೀಸುತ್ತಾ ಬಂದ ದಾರಿಯಲ್ಲೇ ಮಾಯವಾದರು.

ಲಲಿತಾಂಬ ನೆಲದಿಂದ ಚಾಕ್‌ಪೀಸು ಹುಡುಕಿ ಗಂಡನ ಕೈಗೆ ತುರುಕಿದಳು. “ಮುಂದಿನ ಸಲ ಬಂದ ತಕ್ಷಣ ಪಾಠ ಶುರು ಮಾಡ್ಬಿಡಿ, ಇಲ್ಲೇ ಇಳೀತಾರೆ.”

ಹೆಡ್‌ಮಾಸ್ಟರರು ಆಕಾಶ ನೋಡಿದರು.

“ಅಧ್ಯಕ್ಷರು ವರ್ಷಕ್ಕೆ ಒಂದೇ ಸಲ ಬರ್ತಿದ್ರು. ಇವತ್ತು ಒಂದೇ ಬೆಳಿಗ್ಗೆ ಎರಡು ಸಲ ಬಂದ್ರು” ಎಂದರು.