ಒಂಬತ್ತನೇ ನಂಬರಿನವನ ತಪ್ಪು

ನೆರಿಯುಸನ ಕಷ್ಟ ಶುರುವಾದದ್ದು ಒಂದು ಬಟ್ಟೆ ಕ್ಲಿಪ್ಪಿನಿಂದ. ಹಿಂದಿನ ದಿನ ಅವನು ತನ್ನ ಆಟದ ಅಂಗಿಯನ್ನು ಒಗೆದು ವಠಾರದ ಹಿಂದಿನ ಹಗ್ಗಕ್ಕೆ ಹಾಕಿದ್ದ. ಬೆಳಗ್ಗೆ ನೋಡಿದರೆ ಕ್ಲಿಪ್ಪು ಇತ್ತು, ಅಂಗಿ ಇರಲಿಲ್ಲ. ಗಾಳಿಗೆ ಹಾರಿರಬೇಕೆಂದು ಹಿಮದಲ್ಲಿ ಹುಡುಕುತ್ತ ಊರ ಚೌಕದ ತನಕ ಹೋದ. ಅಂಗಿ ಅಲ್ಲಿ ಸಿಕ್ಕಿತು. ಅದನ್ನು ಮೊರೆ ತೊಟ್ಟುಕೊಂಡು ನಿಂತಿದ್ದಳು.

ಮೊರೆ ಎಂದರೆ ಹುಲ್ಲಿನ ಬೊಂಬೆ. ಉಜ್ಗವೇನೆಸ್ ಹಬ್ಬದ ದಿನ ಚಳಿಗಾಲದ ಅನಿಷ್ಟಗಳನ್ನೆಲ್ಲ ಅವಳ ತಲೆಗೆ ಕಟ್ಟಿ, ಕತ್ತಲಾಗುವ ಹೊತ್ತಿಗೆ ಚೌಕದಲ್ಲಿ ಸುಟ್ಟುಬಿಡುವುದು ಗಿರ್ನುಪಿಸ್ ಊರಿನ ಪದ್ಧತಿ. ಪ್ರತಿ ವರ್ಷ ಅವಳಿಗೆ ಹೂವಿನ ಲಂಗ, ತಲೆಗೊಂದು ರುಮಾಲು. ಈ ಸಲ ಲಂಗದ ಮೇಲೆ ಹಸಿರು ಬಾಸ್ಕೆಟ್‌ಬಾಲ್ ಅಂಗಿ, ಅದರ ಎದೆಯ ಮೇಲೆ ದೊಡ್ಡದಾಗಿ ಒಂಬತ್ತು.

ನೆರಿಯುಸ್ ಆಡುತ್ತಿದ್ದ ಗಿರ್ನುಪಿಸ್ ಕೊಕ್ಕರೆಗಳ ತಂಡ ಸಾಲಾಗಿ ಏಳು ಆಟ ಸೋತಿತ್ತು. ಕಳೆದ ಶನಿವಾರದ ಆಟವನ್ನಂತೂ ಒಂದೇ ಒಂದು ಅಂಕದಿಂದ ಸೋತಿತ್ತು. ಕೊನೆಯ ನಾಲ್ಕು ಸೆಕೆಂಡು ಉಳಿದಿದ್ದಾಗ ಅವನಿಗೆ, ಯಾರೂ ಅಡ್ಡ ಬರದಂತೆ ಎಸೆಯುವ ಎರಡು ಫ್ರೀ ಥ್ರೋ ಸಿಕ್ಕಿದ್ದವು. ಎರಡೂ ಬುಟ್ಟಿಯ ಹತ್ತಿರಕ್ಕೂ ಸುಳಿಯಲಿಲ್ಲ. ಗುರುವಾರದ ಕೊನೆಯ ಆಟವನ್ನೂ ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ. ಆ ಆಟಕ್ಕೆ ಯಾರು ಯಾರು ಎಂಬ ಪಟ್ಟಿಯನ್ನು ಕೋಚ್ ಬ್ರೊನಿಯುಸ್ ಇವತ್ತು ಸಂಜೆ ಮೊರೆ ಸುಟ್ಟ ಮೇಲೆ ಓದುವವರಿದ್ದರು. ನೆರಿಯುಸನಿಗೆ ಮೂವತ್ತಮೂರು ವರ್ಷ. ಹನ್ನೊಂದನೇ ವಯಸ್ಸಿನಿಂದ ಅವನು ಆಸೆಪಟ್ಟು ಪಡೆದದ್ದು ಎಂದರೆ ಆ ಹಸಿರು ಅಂಗಿಯೊಂದೇ. ಈಗ ಪಟ್ಟಿಯಿಂದ ಬಿಟ್ಟುಹೋದರೆ ಇನ್ನೆಂದೂ ಒಳಗೆ ಬರುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೊಂಬೆಗೆ ಬಟ್ಟೆ ಉಡಿಸುವ ಜವಾಬ್ದಾರಿ ಅವನ ವಠಾರದ ನೆಲಮಹಡಿಯ ಸ್ತಾಸೆ ಚಿಕ್ಕಮ್ಮನದು. ಆಕೆ ಗಾಡಿಯ ಮೇಲೆ ನಿಲ್ಲಿಸಿದ್ದ ಮೊರೆಯ ರುಮಾಲಿಗೆ ಪಿನ್ನು ಚುಚ್ಚುತ್ತ ನಿಂತಿದ್ದಳು.

"ಚಿಕ್ಕಮ್ಮ, ಅದು ನನ್ನ ಅಂಗಿ."

"ಗೊತ್ತಪ್ಪ. ಗೊತ್ತಿದ್ದೇ ತಂದಿದ್ದು."

"ಗುರುವಾರ ಆಟ ಇದೆ."

"ಅದಕ್ಕೇ ಇವತ್ತೇ ಸುಡ್ತಿರೋದು. ವರ್ಷದ ಅನಿಷ್ಟ ಎಲ್ಲಾ ಮೊರೆ ಹೊತ್ಕೊಂಡು ಹೋಗ್ಬೇಕು. ಈ ವರ್ಷ ನಮ್ಮೂರಿನ ದೊಡ್ಡ ಅನಿಷ್ಟ ಯಾವುದು, ನೀನೇ ಹೇಳು."

"ಆಡೋದು ಐದು ಜನ ಚಿಕ್ಕಮ್ಮ."

"ಎಸೆದು ತಪ್ಪಿಸೋದು ಒಬ್ನೇ. ಹೋಗಪ್ಪ, ನಿನ್ನನ್ನೇನೂ ಸುಡ್ತಿಲ್ಲ, ಅಂಗೀನ ತಾನೆ. ನಿನ್ನ ಕೈಗುಣ ನೋಡಿದ್ರೆ ಗಾಡಿಗೆ ನಿನ್ನನ್ನೇ ಏರಿಸಬೇಕಿತ್ತು."

ನೆರಿಯುಸನ ಕೆಲಸ ಊರಿನ ಚಿಮಣಿಗಳನ್ನು ಗುಡಿಸುವುದು. ಚಿಮಣಿ ಗುಡಿಸುವವನ ಕೋಟಿನ ಗುಂಡಿ ಮುಟ್ಟಿದರೆ ಅದೃಷ್ಟ ಎಂದು ಆ ಊರಿನವರೆಲ್ಲ ನಂಬುತ್ತಾರೆ. ಮೊದಲು ಅವನು ಬೀದಿ ದಾಟುವಷ್ಟರಲ್ಲಿ ನಾಲ್ಕು ಜನ ಗುಂಡಿ ಮುಟ್ಟುತ್ತಿದ್ದರು. ಅಂದು ಎದುರಿಗೆ ಬಂದವರು ಕೈಯನ್ನು ಜೇಬಿನೊಳಗೆ ಇಳಿಸಿಕೊಂಡು ಹೋದರು.

ಹಬ್ಬದ ದಿನ ಮನೆಮನೆಯಲ್ಲೂ ಬ್ಲೀನೈ ಎಂಬ ತೆಳು ದೋಸೆ ಹುಯ್ಯಬೇಕು, ಒಲೆ ಹೊಗೆ ಕಾರಬಾರದು. ಹಾಗಾಗಿ ಬೆಳಗ್ಗೆಯೇ ಔಷಧಿ ಅಂಗಡಿಯ ಲ್ಯುದ್ವಿಕಾ ಮನೆಗೆ ಅವನನ್ನು ಕರೆಸಿದ್ದರು. ಲ್ಯುದ್ವಿಕಾ ಎಂದರೆ ತಂಡದ ಒಂದು ಆಟವನ್ನೂ ತಪ್ಪಿಸದ, ಯಾರು ಎಷ್ಟು ಎಸೆದರು, ಎಷ್ಟು ಬಿತ್ತು ಎಂದು ಪುಸ್ತಕದಲ್ಲಿ ಬರೆದಿಡುವ ಹೆಂಗಸು. ನೆರಿಯುಸ್ ಚಾವಣಿ ಏರಿ ಬ್ರಷ್ಷು ಇಳಿಬಿಟ್ಟ. ಕೆಳಗಿನಿಂದ, ಒಲೆಯ ಬಾಯಿಯ ಮೂಲಕ, ಆಕೆಯ ದನಿ ಚಿಮಣಿಯೊಳಗೆ ಮೊಳಗುತ್ತ ಮೇಲೆ ಬಂತು.

"ಕಳೆದ ಮೂರಾಟದಲ್ಲಿ ಮೂವತ್ತೊಂದು ಎಸೆದಿದ್ದೀಯ ನೆರಿಯುಸ್. ಬಿದ್ದಿದ್ದು ನಾಲ್ಕು."

"ಅಕ್ಕ, ಚೆಂಡು ಹಿಡಿದಿದ್ದೆಷ್ಟು ಅಂತಾನೂ ಬರ್ದಿದ್ದೀರಾ? ರಮೂನಾಸ್‌ಗೆ ದಾರಿ ಮಾಡಿಕೊಡೋಕೆ ಎಷ್ಟು ಸಲ ಎದೆ ಕೊಟ್ಟು ಬಿದ್ದೆ ಅಂತ?"

"ಅದಕ್ಕೆ ನನ್ನ ಪುಸ್ತಕದಲ್ಲಿ ಕಾಲಮ್ ಇಲ್ಲ."

"ಎದುರಿನವರು ಎಂಬತ್ತೆಂಟು ಹಾಕಿದ್ರು. ಅದನ್ನ ತಡೀಬೇಕಾಗಿದ್ದು ಯಾರು? ಆ ರಮೂನಾಸ್ ಒಂದು ಸಲಾನಾದ್ರೂ ಓಡಿ ಹಿಂದೆ ಬಂದ್ನಾ?"

"ರಮೂನಾಸ್ ಇಪ್ಪತ್ತಾರು ಹಾಕಿದ. ಓಡೋದ್ಯಾಕೆ ಅವ್ನು?"

ನೆರಿಯುಸ್ ಕೋಪವನ್ನೆಲ್ಲ ಬ್ರಷ್ಷಿನ ಮೇಲೆ ತೋರಿಸಿದ. ಮಸಿ ಒಂದೇ ಸಲಕ್ಕೆ ಕುಸಿದು ಲ್ಯುದ್ವಿಕಾರ ಬ್ಲೀನೈ ಹಿಟ್ಟಿನ ಪಾತ್ರೆಗೆ ಬಿತ್ತು. ಅವರು ಹೊರಗೆ ಬಂದು, ತಲೆ ಎತ್ತಿ, ಬಹಳ ಸಮಾಧಾನದಿಂದ ಹೇಳಿದರು. "ಇದೊಂದು ಸರಿಯಾಗಿ ಬೀಳಿಸಿದೆ ನೋಡು."

ಮನೆಗೆ ಹೋಗುವ ದಾರಿಯಲ್ಲಿ ಕೋಚ್ ಬ್ರೊನಿಯುಸ್ ಸಿಕ್ಕರು. ಅವರು ಮೊದಲು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಅರ್ಧ ಊರು ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡಿತ್ತು.

"ಮೇಷ್ಟ್ರೇ, ಪಟ್ಟಿಯಲ್ಲಿ ನಾನಿದ್ದೀನಾ?"

ಮೇಷ್ಟ್ರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಿನ್ನಂಥ ಮೈಮುರಿದು ಆಡೋನು ನನ್ನ ಹತ್ರ ಇನ್ನೊಬ್ಬ ಇಲ್ಲ ಕಣೋ. ನನಗದು ಗೊತ್ತು. ಆದ್ರೆ ಊರಿಗೆ ಗೊತ್ತಿಲ್ವಲ್ಲ. ನಿನ್ನ ಹೆಸರು ಓದಿದ್ರೆ ಇವರು ಮೊರೆ ಜೊತೆ ನನ್ನನ್ನೂ ಗಾಡಿ ಹತ್ತಿಸ್ತಾರೆ. ಸಾಯಂಕಾಲದೊಳಗೆ ಎಲ್ಲಾದ್ರೂ, ನಾಲ್ಕು ಜನ ನೋಡೋ ಕಡೆ, ಒಂದೆರಡು ಬುಟ್ಟಿಗೆ ಹಾಕಿ ತೋರಿಸು. ಆಗ ನಂಗೊಂದು ಬಾಯಿ ಬರುತ್ತೆ."

"ನಾಲ್ಕು ಜನ ನೋಡೋ ಕಡೆಯೇ ಮೇಷ್ಟ್ರೇ ನಂಗೆ ಬೀಳದಿರೋದು."

ಅದು ಸುಳ್ಳಾಗಿರಲಿಲ್ಲ. ಒಬ್ಬನೇ ಇದ್ದಾಗ ವಠಾರದ ಹಿಂದಿನ ಬುಟ್ಟಿಗೆ ಅವನು ಕಣ್ಣುಮುಚ್ಚಿಯೂ ಹಾಕುತ್ತಿದ್ದ. ಆಟದ ದಿನ ಚೆಂಡು ಎತ್ತಿದೊಡನೆ ಬುಟ್ಟಿಯ ಹಿಂದಿನ ಸಾಲಿನಲ್ಲಿ ಸ್ತಾಸೆ ಚಿಕ್ಕಮ್ಮ, ಲ್ಯುದ್ವಿಕಾ, ಬೇಕರಿಯವನು, ದಂತವೈದ್ಯ, ಎಲ್ಲರ ಮುಖಗಳೂ ಕಾಣುತ್ತಿದ್ದವು. ಆ ಮುಖಗಳಲ್ಲಿ "ಈಗ ತಪ್ಪಿಸ್ತಾನೆ" ಎಂದು ಬರೆದಿರುತ್ತಿತ್ತು. ಅವನ ಕೈ ಅದನ್ನು ಓದಿಕೊಳ್ಳುತ್ತಿತ್ತು.

ಮನೆಯಲ್ಲಿ ಹೆಂಡತಿ ಜಿವಿಲೆ ಎಲ್ಲವನ್ನೂ ಕೇಳಿ, ಬ್ಲೀನೈ ಮಗುಚುತ್ತಲೇ ತೀರ್ಪು ಕೊಟ್ಟಳು. "ಅಳ್ತಾ ಕೂತ್ರೆ ಅಂಗಿ ಬರಲ್ಲ. ಹೋಗಿ ತಗೊಂಡ್ಬಾ."

"ಇಡೀ ಊರೇ ಅಲ್ಲಿದೆ."

"ಇವತ್ತು ಇಡೀ ಊರಿಗೆ ಮುಖವಾಡ ಇದೆ. ಅಟ್ಟದ ಮೇಲೆ ಅಜ್ಜನ ಸೈತಾನನ ಮುಖ ಇದ್ಯಲ್ಲ, ಹಾಕ್ಕೋ. ಮೊರೆ ಸುಡೋ ತನಕ ಮುಖವಾಡದವನ ಹೆಸರು ಯಾರೂ ಕೇಳೋ ಹಾಗಿಲ್ಲ."

ಗಿರ್ನುಪಿಸ್‌ನಲ್ಲಿ ಈ ಕಟ್ಟಳೆಯನ್ನು ಮುರಿದವರಿಲ್ಲ. ಮುಖವಾಡದ ಹಿಂದೆ ಸ್ವಂತ ಗಂಡನೇ ಇದ್ದರೂ ಹೆಂಡತಿ ಗುರುತು ಹಿಡಿಯಬಾರದು. ನೆರಿಯುಸ್ ಕುರಿತುಪ್ಪಳದ ಕೋಟನ್ನು ಒಳಗು ಹೊರಗು ಮಾಡಿ ತೊಟ್ಟ. ಕೊಂಬು, ಕೋರೆಹಲ್ಲು ಇದ್ದ ಭಾರದ ಮರದ ಮುಖವನ್ನು ಕಟ್ಟಿಕೊಂಡು, ಕೋಟಿನ ಹಿಂದೆ ಬಾಲ ಸಿಕ್ಕಿಸಿಕೊಂಡ. ಕಣ್ಣಿನ ತೂತುಗಳು ಎಷ್ಟು ಚಿಕ್ಕವೆಂದರೆ ಒಂದು ಸಲಕ್ಕೆ ಒಂದೇ ವಸ್ತು ಕಾಣುತ್ತಿತ್ತು. ಎತ್ತರದಿಂದ ಗುರುತು ಸಿಗುವ ಭಯವಿರಲಿಲ್ಲ, ಆ ಊರಿನಲ್ಲಿ ಉದ್ದದ ಗಂಡಸರಿಗೇನೂ ಬರವಿಲ್ಲ. ಕೈಗೆ ಮೆತ್ತಿದ್ದ ಮಸಿ ಸೈತಾನನಿಗೆ ಒಪ್ಪುತ್ತಿತ್ತು.

ಚೌಕದಲ್ಲಿ ಮಾಟಗಾತಿಯರು, ಮೇಕೆಗಳು, ಕೊಕ್ಕರೆಗಳು ಬ್ಲೀನೈ ತಿನ್ನುತ್ತ ತಿರುಗುತ್ತಿದ್ದವು. ನೆರಿಯುಸ್ ಮೆಲ್ಲಗೆ ಮೊರೆಯ ಗಾಡಿಯ ಹಿಂದೆ ಹೋದ. ಅಂಗಿಗೆ ಚುಚ್ಚಿದ್ದ ಒಂದು ಪಿನ್ನು ಕಿತ್ತ. ಎರಡನೆಯದು ಕಿತ್ತ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಯಾರೋ ಅವನ ಬಾಲ ಹಿಡಿದೆಳೆದರು.

"ಏ ಸೈತಾನ, ಅಲ್ಲೇನು ಮಾಡ್ತೀಯ?" ಸ್ತಾಸೆ ಚಿಕ್ಕಮ್ಮನ ದನಿ. "ಎಲ್ರೂ ಎಸೀತಿದಾರೆ, ನೀನೂ ಬಂದು ಎಸಿ."

ಚೌಕದ ಮೂಲೆಯ ಕಂಬದ ಬುಟ್ಟಿಗೆ ಚೆಂಡೆಸೆಯುವ ಪಂದ್ಯ ನಡೆಯುತ್ತಿತ್ತು. ಬಿದ್ದರೆ ಒಂದು ಬ್ಲೀನೈ. ಒಲ್ಲೆ ಎಂದು ಬಾಯಿಬಿಟ್ಟರೆ ದನಿ ಸಿಕ್ಕಿಬೀಳುತ್ತದೆ. ಓಡಿದರೆ ಅನುಮಾನ. ಯಾರೋ ಚೆಂಡನ್ನು ಕೈಗಿತ್ತರು. ಒಂದು ತಪ್ಪಿದರೆ ಸಾಕು, ಆ ತಪ್ಪುವ ಚಂದದಿಂದಲೇ ಊರು ತನ್ನನ್ನು ಗುರುತು ಹಿಡಿಯುತ್ತದೆ ಎಂದು ನೆರಿಯುಸ್ ಅಂದುಕೊಂಡ.

ಅವನು ಮುಖ ಎತ್ತಿದ. ತೂತಿನಲ್ಲಿ ಬುಟ್ಟಿಯೊಂದೇ ಕಂಡಿತು. ಸ್ತಾಸೆ ಚಿಕ್ಕಮ್ಮ ಇಲ್ಲ, ಲ್ಯುದ್ವಿಕಾ ಇಲ್ಲ, ದಂತವೈದ್ಯನಿಲ್ಲ. ಎಸೆದ.

ಬಿತ್ತು.

ಇನ್ನೊಂದು ಕೊಟ್ಟರು. ಅದೂ ಬಿತ್ತು. ಎರಡು ಹೆಜ್ಜೆ ಹಿಂದೆ ನಿಲ್ಲಿಸಿದರು, ಬಿತ್ತು. ಬೇಕರಿಯ ಮೆಟ್ಟಿಲ ಮೇಲೆ ನಿಲ್ಲಿಸಿದರು, ಅಲ್ಲಿಂದಲೂ ಬಿತ್ತು. ಐದಾಗುವಾಗ ಜನ ಬ್ಲೀನೈ ತಿನ್ನುವುದನ್ನು ನಿಲ್ಲಿಸಿದರು. ಒಂಬತ್ತಾಗುವಾಗ ತಂಡದ ಹೀರೋ ರಮೂನಾಸ್ ಕೊಕ್ಕರೆ ಮುಖವಾಡವನ್ನು ಹಣೆಯ ಮೇಲೆ ಸರಿಸಿಕೊಂಡು ಪಂದ್ಯಕ್ಕೆ ನಿಂತ, ಮೂರನೇ ಚೆಂಡಿಗೇ ಸೋತ. ಹದಿನಾಲ್ಕಾಗುವಾಗ ಲ್ಯುದ್ವಿಕಾರ ಕೈಯಲ್ಲಿ ಪುಸ್ತಕ ಬಂದಿತ್ತು.

ಕೋಚ್ ಬ್ರೊನಿಯುಸ್ ಜನರನ್ನು ತಳ್ಳಿಕೊಂಡು ಮುಂದೆ ಬಂದರು. "ನಿನ್ನ ಹೆಸರು ಕೇಳಲ್ಲಪ್ಪ, ಕೇಳಬಾರ್ದು. ನಮ್ಮೂರೋನೇ ತಾನೆ?"

ಸೈತಾನ ತಲೆಯಾಡಿಸಿದ.

"ಗುರುವಾರ ಬಿಡುವಿದ್ಯಾ?"

ಸೈತಾನ ಕೊಂಬು ಬೀಳುವಷ್ಟು ಜೋರಾಗಿ ತಲೆಯಾಡಿಸಿದ.

"ಪಟ್ಟೀಲಿ ಇವನಿಗೆ ಜಾಗ ಎಲ್ಲಿದೆ ಮೇಷ್ಟ್ರೇ?" ರಮೂನಾಸ್ ಕೇಳಿದ.

"ನೆರಿಯುಸನ ಜಾಗ," ಎಂದು ಊರಿಗೆ ಊರೇ ಒಂದೇ ಬಾಯಿಂದ ಹೇಳಿತು.

ಆಮೇಲಿನದ್ದು ನೆರಿಯುಸ್ ಕನಸಿನಲ್ಲೂ ಕೇಳದ ಸುಖ. ಸ್ತಾಸೆ ಚಿಕ್ಕಮ್ಮ ತಾನೇ ಗಾಡಿ ಹತ್ತಿ, ಮೊರೆಯ ಮೈಯಿಂದ ಹಸಿರು ಅಂಗಿ ಬಿಚ್ಚಿ ತಂದು, ತುಪ್ಪಳದ ಕೋಟಿನ ಮೇಲೆ ಅವನಿಗೆ ತೊಡಿಸಿದಳು. "ಆ ಕೈಲಾಗದೋನು ಹಾಕಿ ಹಾಕಿ ಇದಕ್ಕೆ ದರಿದ್ರ ಹಿಡಿದಿತ್ತು," ಎಂದು ಎದೆಯ ಒಂಬತ್ತನ್ನು ಸವರಿದಳು. ಬೈಗುಳ ಕೂಡ ಅವನಿಗೆ ಬ್ಲೀನೈ ಮೇಲೆ ಹುಳಿಕೆನೆ ಸವರಿದಷ್ಟು ಹಿತವಾಯಿತು. ಮುಖವಾಡದೊಳಗೆ ಕಣ್ಣು ತುಂಬಿಕೊಂಡಿತು. ಇನ್ನು ಅರ್ಧ ಗಂಟೆ, ಆಮೇಲೆ ಇವರೆಲ್ಲ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ ಎಂದು ನೆನೆದು ನೆನೆದು ನಕ್ಕ.

ಬಿಸಿಲು ಇಳಿಯಿತು. ಬರೀ ಲಂಗದಲ್ಲಿದ್ದ ಮೊರೆಗೆ ಬೆಂಕಿ ಇಟ್ಟರು. ಚಳಿಗಾಲವನ್ನು ಓಡಿಸುವ ಕೂಗು ಎದ್ದಿತು. ಜ್ವಾಲೆ ಇಳಿಯುತ್ತಿದ್ದಂತೆ ಮೇಕೆಗಳು, ಮಾಟಗಾತಿಯರು ಒಬ್ಬೊಬ್ಬರಾಗಿ ಮುಖವಾಡ ತೆಗೆದರು. ಕೊನೆಗೆ ಎಲ್ಲರೂ ಸೈತಾನನ ಕಡೆ ತಿರುಗಿದರು.

ನೆರಿಯುಸ್ ಮುಖವಾಡದ ಹಗ್ಗ ಬಿಚ್ಚಿ ಮುಖ ತೋರಿಸಿದ.

ಅವನು ಚಪ್ಪಾಳೆಗಾಗಿ ಕಾದ. ಯಾರ ಕೈಯೂ ಏಳಲಿಲ್ಲ. ಲ್ಯುದ್ವಿಕಾ ನಿಧಾನವಾಗಿ ಪುಸ್ತಕದ ಹಿಂದಿನ ಪುಟ ತಿರುವಿದರು.

"ಇವತ್ತು ಹದಿನೆಂಟಕ್ಕೆ ಹದಿನೆಂಟು. ಶನಿವಾರ ಎರಡಕ್ಕೆ ಸೊನ್ನೆ," ಎಂದರು. "ಹಾಗಾದ್ರೆ ಇಷ್ಟು ದಿನ ಬೇಕಂತಲೇ ತಪ್ಪಿಸ್ತಿದ್ದೆ."

"ಅಯ್ಯೋ, ಇಲ್ಲಕ್ಕ. ಮುಖವಾಡದಲ್ಲಿ ನಿಮ್ಮ ಮುಖ ಕಾಣಲ್ಲ, ಅದಕ್ಕೆ ಬಿತ್ತು."

"ಓಹೋ. ನಮ್ಮೂರು ಸೋತಿದ್ದು ನಮ್ಮ ಮುಖದಿಂದ ಅಂತೀಯ," ಎಂದಳು ಸ್ತಾಸೆ ಚಿಕ್ಕಮ್ಮ.

"ಎದುರಿನ ಊರಿನವರು ಏನು ಆಸೆ ತೋರಿಸಿದ್ರೋ," ಎಂದ ದಂತವೈದ್ಯ. ಜನ ಒಂದು ಹೆಜ್ಜೆ ಹತ್ತಿರ ಬಂದರು.

ನೆರಿಯುಸ್ ಮೇಷ್ಟ್ರ ಕಡೆ ನೋಡಿದ. "ಮೇಷ್ಟ್ರೇ, ನೀವಾದ್ರೂ ಹೇಳಿ. ಚೆಂಡು ಕೊಡಿ, ಮುಖವಾಡ ಇಲ್ದೆ ಈಗಲೇ ಎಸೀತೀನಿ. ಇವರೇ ನೋಡಲಿ."

ಚೆಂಡು ಕೈಗೆ ಬಂದ ಮೇಲೆ ಅವನಿಗೆ ಹೊಳೆಯಿತು. ಬಿದ್ದರೆ, ಮೊದಲಿನಿಂದಲೂ ಎಸೆಯಲು ಬರುತ್ತಿತ್ತು ಎಂದಾಯಿತು. ಬೀಳದಿದ್ದರೆ, ಮತ್ತೆ ಬೇಕಂತಲೇ ತಪ್ಪಿಸಿದ ಎಂದಾಯಿತು. ಹಾಗಿದ್ದರೂ ಅವನು ಮೋಸ ಮಾಡಲಿಲ್ಲ. ಬುಟ್ಟಿಯ ಹಿಂದೆ ಬೆಂಕಿಯ ಬೆಳಕಿನಲ್ಲಿ ಸಾಲಾಗಿ ನಿಂತ ಅಷ್ಟೂ ಮುಖಗಳನ್ನು ನೋಡಿ, ಜೀವಮಾನದಲ್ಲಿ ಎಂದೂ ಎಸೆಯದಷ್ಟು ಪ್ರಾಮಾಣಿಕವಾಗಿ ಎಸೆದ.

ಚೆಂಡು ಬುಟ್ಟಿಯನ್ನೂ ಕಂಬವನ್ನೂ ದಾಟಿ ಬೇಕರಿಯ ನಾಮಫಲಕಕ್ಕೆ ಬಡಿಯಿತು.

"ಎಷ್ಟು ಸಲೀಸಾಗಿ ತಪ್ಪಿಸ್ತಾನೆ ನೋಡಿ," ಎಂದಳು ಸ್ತಾಸೆ ಚಿಕ್ಕಮ್ಮ ಅರ್ಧ ಮೆಚ್ಚುಗೆಯಿಂದ. "ನಾವು ದಡ್ಡರು, ಪಾಪ ಕೈಲಾಗಲ್ಲ ಅಂತ ನಂಬ್ಕೊಂಡಿದ್ವಿ."

ಕೋಚ್ ಬ್ರೊನಿಯುಸ್ ಜೇಬಿನಿಂದ ಪಟ್ಟಿ ತೆಗೆದರು. ಅವರ ಕಣ್ಣಿನಲ್ಲಿ ಕೋಪಕ್ಕಿಂತ ನೋವು ಹೆಚ್ಚಾಗಿತ್ತು. ಪೆನ್ಸಿಲಿನಿಂದ ಒಂದು ಗೆರೆ ಎಳೆದರು.

"ಕೈಲಾಗದೋನನ್ನ ಆಡಿಸ್ಬಹುದು, ನಂಬೋಕಾಗದೋನನ್ನ ಹೇಗೋ ಆಡಿಸ್ಲಿ? ಬಿಚ್ಚು ಅಂಗಿ."

ನೆರಿಯುಸ್ ಅಂಗಿ ಬಿಚ್ಚಿ ಕೊಟ್ಟ. ಅವಮಾನದಲ್ಲಿ ಕಿವಿ ಸುಡುತ್ತಿದ್ದರೂ ಎದೆಯ ಮೂಲೆಯಲ್ಲಿ ಎಲ್ಲೋ ಒಂದು ಕಲ್ಲು ಇಳಿದಂತಾಯಿತು. ಇನ್ನು ಮೇಲೆ ತಂಡ ಸೋತರೆ ತನಗೂ ಅದಕ್ಕೂ ಸಂಬಂಧವಿಲ್ಲ. ಗುರುವಾರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರಾಯಿತು.

"ಹಾಗಾದ್ರೆ ನಾನು ಬರ್ತೀನಿ ಮೇಷ್ಟ್ರೇ."

"ಹೋಗು," ಎಂದರು ಮೇಷ್ಟ್ರು ಅಂಗಿ ಮಡಿಸುತ್ತ. "ಹದಿನೆಂಟಕ್ಕೆ ಹದಿನೆಂಟು ಹಾಕೋನು ಮನೇಲಿ ಕೂತಿರ್ತಾನೆ, ನಾವಿಲ್ಲಿ ಆಡ್ಬೇಕು. ಗುರುವಾರ ಸೋತ್ರೆ ತಪ್ಪು ಯಾರದ್ದು ಅಂತ ಊರಿಗೇ ಗೊತ್ತು."